ನಪಾಸಾದ ಕೈಗೆ ಸ್ಟೇರಿಂಗ್ ಇಲ್ಲ

"ಗಣಿತ, ಹನ್ನೊಂದು!"

ಕಾಡಸಿದ್ದ ಮಗನ ಗುಣಪತ್ರಿಕೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ. ಬೆಳಕಿನಲ್ಲೂ ಅದು ಹನ್ನೊಂದೇ ಆಗಿತ್ತು. "ಎರಡನೇ ಸಲ ಮ್ಯಾಟ್ರಿಕ್ ನಪಾಸು. ಮತ್ತ ಸಾಹೇಬರಿಗೆ ಲೈಸೆನ್ಸ್ ಬೇಕಂತ!"

ಸಿದ್ರಾಮ ಅಂಗಳದಲ್ಲಿ ಜೀಪಿಗೆ ಒರಗಿ ನಿಂತಿದ್ದ. ಹದಿನೆಂಟು ತುಂಬಿ ಎಂಟು ದಿನವಾಗಿತ್ತು. ಕೊಲ್ಹಾಪುರಕ್ಕೆ ಹೋಗಿ ಅರ್ಜಿ ಹಾಕೋಣವೆಂದು ಆ ಎಂಟೂ ದಿನ ಅಪ್ಪನ ಬೆನ್ನು ಬಿದ್ದಿದ್ದ.

"ಅಪ್ಪಾ, ಗಾಡಿ ಹೊಡ್ಯಾಕ ಬೀಜಗಣಿತ ಯಾಕ ಬೇಕು?"

"ಪುಸ್ತಕದ ಮ್ಯಾಲೆ ಒಂದು ತಾಸು ಲಕ್ಷ್ಯ ಇಡಾಕ ಆಗದಾಂವ, ಕೊಲ್ಹಾಪುರದ ಮಟಾ ರಸ್ತೆ ಮ್ಯಾಲೆ ಹ್ಯಾಂಗ ಇಡ್ತಿ?"

ಮಾತು ಕಾಡಸಿದ್ದನಿಗೇ ಬಲು ಹಿಡಿಸಿತು. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಅವನ ಹಳೆಯ ಗೆಳೆಯ, ಉತ್ತೂರಿನ ಧೋಂಡಿಬಾ ಬೇರೆ ತಲೆಯಾಡಿಸಿಬಿಟ್ಟ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಾಡಸಿದ್ದ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತ.

"ಈ ಲಿಂಗದಾಣೆ! ನಮ್ಮ ಮನಿಯೊಳಗ ಪರೀಕ್ಷಾ ನಪಾಸಾದ ಯಾವ ಕೈನೂ ಈ ಗಾಡಿ ಸ್ಟೇರಿಂಗ್ ಮುಟ್ಟೂದಿಲ್ಲ!"

ಮೊರ ಹಿಡಿದು ಶೇಂಗಾ ಹಸನು ಮಾಡುತ್ತಿದ್ದ ಅವನ ತಾಯಿ ಗುರುಸಿದ್ದವ್ವ ತಲೆ ಎತ್ತಿದಳು. ಮುದುಕಿಯ ದನಿಯಲ್ಲಿ ಕುಹಕವೇನೂ ಇರಲಿಲ್ಲ, ಬರೀ ಚಿಂತೆ ಇತ್ತು. "ಹಂಗಾರ ನೀ ಹ್ಯಾಂಗ ಹೊಡಿತಿಯೋ ಕಾಡ್ಯಾ? ನೀನೂ ಏಳನೇತ್ತಾ ನಪಾಸ್ ಆಗಿದ್ದಿಲ್ಲೇನ?"

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಹೆಂಡತಿ ಬಾಳಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಏಳನೇತ್ತಾ ಪಾಸಾದ ವರ ಅಂತ ನಮ್ಮಪ್ಪಗ ಹೇಳಿದ್ರಲ್ರೀ?"

"ಲೆಕ್ಕ ಎಲ್ಲಾ ಬರೋಬ್ಬರಿ ಇದ್ದವು," ಕಾಡಸಿದ್ದ ತೊದಲಿದ. "ಗಡಿಬಿಡಿಯೊಳಗ ಕನ್ನಡದಾಗ ಬರದ್ನಿ. ಮರಾಠಿ ಮಾಸ್ತರಗ ಓದಾಕ ಬರಲಿಲ್ಲಂದ್ರ ನಾ ಏನ ಮಾಡ್ಲಿ?"

"ಅಂದ್ರ ನಪಾಸು ಖರೇ ಅಲ್ಲಪಾ?" ಎಂದ ಸಿದ್ರಾಮ. ಎಂಟು ದಿನದಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗೆ ಕಾಣಿಸಿತು.

ಧೋಂಡಿಬಾ ಬಸಿಯನ್ನು ಕೆಳಗಿಟ್ಟು ಮೀಸೆ ಒರೆಸಿಕೊಂಡ. "ಶಪ್ಪಥ ಮ್ಹಂಜೆ ಶಪ್ಪಥ, ಕಾಡಸಿದ್ದಾ," ಆಣೆಯೆಂದರೆ ಆಣೆಯೇ ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಸಂಜೆಯೊಳಗೆ ಗಡಹಿಂಗ್ಲಜದ ಪೇಟೆಗೆಲ್ಲ ಸುದ್ದಿ ಮುಟ್ಟಿತ್ತು.

ಅದು ಅಂತಿಂಥ ಜೀಪಲ್ಲ. ಅರವತ್ನಾಲ್ಕನೆಯ ಇಸವಿಯಲ್ಲಿ ಬೆಳಗಾವಿಯ ಮಿಲಿಟರಿ ಹರಾಜಿನಲ್ಲಿ ಜಿದ್ದಿಗೆ ಬಿದ್ದು ತಂದದ್ದು. ಎತ್ತುಗಳಿಗಿಂತ ಮೊದಲು ಅದರ ಮೈ ತೊಳೆದು, ಬಾನೆಟ್ಟಿಗೆ ವಿಭೂತಿ ಹಚ್ಚಿಯೇ ಕಾಡಸಿದ್ದ ಚಹಾ ಕುಡಿಯುತ್ತಿದ್ದ. ಅದರ ಮುಂದಿನ ಸೀಟಿನಲ್ಲಿ ಕೂತಾಗ ಮಾತ್ರ ತಾನೊಬ್ಬ ದೊಡ್ಡ ಮನುಷ್ಯ ಅನ್ನಿಸುತ್ತಿತ್ತು ಅವನಿಗೆ. ಈಗ ಅದೇ ಜೀಪು ಅಂಗಳದಲ್ಲಿ ನಿಂತಿತು, ಸೀಟಿನ ಮೇಲೆ ಕೋಳಿ ಕೂತವು. ಬೆಲ್ಲದ ವ್ಯಾಪಾರಕ್ಕೆ ಅವನು ಇಚಲಕರಂಜಿಗೆ ಎಸ್‌ಟಿ ಬಸ್ಸಿನಲ್ಲಿ, ಅದೂ ನಿಂತುಕೊಂಡು ಹೋಗಿಬಂದ. ಲಿಂಗ ಹಿಡಿದು ಆಡಿದ ಮಾತನ್ನು ಮುರಿಯುವ ಎದೆ ಮಾತ್ರ ಅವನಿಗಿರಲಿಲ್ಲ.

ಐದನೆಯ ದಿನ ಊಟಕ್ಕೆ ಕೂತಾಗ ಗುರುಸಿದ್ದವ್ವ ಕೇಳಿದಳು, "ಅಲ್ಲೋ, ನಮ್ಮ ಇಂದೂ ಪಾಸಾಗ್ಯಾಳಲ್ಲ?"

ಮಗಳು ಇಂದುಬಾಯಿ ರೊಟ್ಟಿ ಬಡಿಸುತ್ತಿದ್ದಳು. ಹತ್ತೊಂಬತ್ತರ ಹುಡುಗಿ. ಮ್ಯಾಟ್ರಿಕ್ ಪಾಸಾಗಿ ಎರಡು ವರ್ಷವಾಗಿತ್ತು, ಸರ್ಟಿಫಿಕೇಟು ಟ್ರಂಕಿನಲ್ಲಿ ಸೀರೆಗಳ ಕೆಳಗಿತ್ತು.

"ಗಣಿತದಾಗ ಅರವತ್ತೆಂಟು," ಎಂದಳು. ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಹೆಣ್ಣುಡುಗಿ ಜೀಪ್ ಹೊಡಿತಾಳಂದ್ರ ಊರು ನಗತೈತಿ, ಯವ್ವಾ!" ಎಂದ ಕಾಡಸಿದ್ದ.

"ಈಗೇನ ಅಳಾಕತ್ತೈತೇನು?" ಎಂದಳು ಮುದುಕಿ.

ಹಿರಣ್ಯಕೇಶಿ ಹೊಳೆಯ ದಂಡೆಯ ಬಯಲಿನಲ್ಲಿ ಇಂದುವಿನ ಪಾಠ ಶುರುವಾಯಿತು. ಕಾಡಸಿದ್ದ ಪಕ್ಕದ ಸೀಟಿನಲ್ಲಿ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂಡುತ್ತಿದ್ದ, ಮರೆತು ಎಲ್ಲಿ ಸ್ಟೇರಿಂಗ್ ಮುಟ್ಟಿಬಿಡುತ್ತೇನೋ ಎಂಬ ಹೆದರಿಕೆ. "ಕ್ಲಚ್! ಕ್ಲಚ್ ಒತ್ತಬೇ ನಮ್ಮವ್ವಾ!" ಎಂದು ಬಾಯಿಂದಲೇ ಗಾಡಿ ಓಡಿಸುತ್ತಿದ್ದ. ಮೂರನೆಯ ದಿನ ಜೀಪು ಪಕ್ಕದ ಹೊಲದ ಬಾಳಗೊಂಡನ ಕಣಿಕೆಯ ಬಣವೆಯೊಳಗೆ ಅರ್ಧ ಹೊಕ್ಕಿತು. ಬೀಜಗಣಿತದ ಪುಸ್ತಕದೊಂದಿಗೆ ಹಿಂದೆ ಕೂತಿದ್ದ ಸಿದ್ರಾಮ ತಲೆಯಿಂದ ಕಣಿಕೆ ಕೊಡವಿಕೊಳ್ಳುತ್ತ, "ಅರವತ್ತೆಂಟು ಮಾರ್ಕಿಂದು ಏನ ಉಪೇಗ ಆತು?" ಎಂದ.

"ರಿವರ್ಸ್ ಬರತೈತಿ," ಎಂದಳು ಇಂದು. ಬರುತ್ತಿತ್ತು. ನೆಟ್ಟಗೆ ಹಿಂದೆ ತಂದು ನಿಲ್ಲಿಸಿದಳು.

ಮೂರು ತಿಂಗಳ ಮೇಲೆ ಕೊಲ್ಹಾಪುರದಲ್ಲಿ ಲೈಸೆನ್ಸಿನ ಪರೀಕ್ಷೆ. ಪರೀಕ್ಷೆ ಮಾಡುವ ಸಾಹೇಬ ಮೊದಲು ಸಿದ್ರಾಮನನ್ನು, ಆಮೇಲೆ ಕಾಡಸಿದ್ದನನ್ನು ನೋಡಿ, "ಕೋಣಾಚಂ ಲೈಸೆನ್ಸ್?" ಯಾರ ಲೈಸೆನ್ಸು ಎಂದು ಕೇಳಿದ.

"ಹಿಚಂ," ಇವಳದು ಎಂದು ಕಾಡಸಿದ್ದ ಮಗಳ ಕಡೆ ಕೈ ಮಾಡಿದ. ಅರ್ಧ ತಾಸಿನ ಮೇಲೆ ಸಾಹೇಬ ತಾನೇ ಜೀಪಿನಿಂದಿಳಿದು, "ಚಾಂಗಲಿ ಚಾಲವತೇ," ಚೆನ್ನಾಗಿ ಓಡಿಸುತ್ತಾಳೆ ಎಂದಾಗ, ಕಾಡಸಿದ್ದನಿಗೆ ಹೆಮ್ಮೆಯಾಯಿತು. ಹೊಟ್ಟೆಕಿಚ್ಚೂ ಆಯಿತು. ಎರಡನ್ನೂ ಮುಚ್ಚಿಡಲು ಬರದೆ ಸುಮ್ಮನೆ ಟಾಯರು ಒದ್ದು ನೋಡಿದ.

ಮರಳುವಾಗ ಪಕ್ಕದ ಸೀಟು ಸಿದ್ರಾಮ ಹಿಡಿದ. ಕಲಿಸುವವನ ಕೆಲಸ ಮುಗಿದಿತ್ತು, ಕಾಡಸಿದ್ದ ಹಿಂದೆ ಹತ್ತಿದ. ತಿರುವು ಬಂದಲ್ಲೆಲ್ಲ ಅವನ ಬಲಗಾಲು ತಗಡಿನ ನೆಲವನ್ನು ಬ್ರೇಕಿನಂತೆ ಒತ್ತುತ್ತಿತ್ತು. ಕಾಗಲ ದಾಟಿದ ಮೇಲೆ ಕುರಿಹಿಂಡೊಂದು ಒಮ್ಮೆಲೇ ರಸ್ತೆಗೆ ನುಗ್ಗಿತು. ಕಾಡಸಿದ್ದ ಕಾಲು ಎತ್ತಿದ. ಅದು ನೆಲ ಮುಟ್ಟುವ ಮೊದಲೇ ಜೀಪು ನಿಂತಿತ್ತು.

ಕುರಿಗಳು ಒಂದೊಂದಾಗಿ ದಾಟತೊಡಗಿದವು. ಇಂದು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಕಾಡಸಿದ್ದ ಚಪ್ಪಲಿ ಕಳಚಿ ಬದಿಗಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಆರಾಮಾಗಿ ಕೂತ.