ಬ್ರಷ್ ಅಕ್ಕ ಬರೆಯದ ಬೋರ್ಡು

ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಆ ಬೋರ್ಡು ನೇತಾಡಿದ್ದು ಒಂದು ಬೆಳಿಗ್ಗೆ ಮಾತ್ರ. ಬಿಳಿ ತಗಡಿನ ಮೇಲೆ ನೀಲಿ ಬಣ್ಣದ ಇಂಗ್ಲಿಷ್ ಅಕ್ಷರಗಳು, ಪ್ರತಿ ಅಕ್ಷರಕ್ಕೂ ಬೂದು ಬಣ್ಣದ ನೆರಳು. ಮೊದಲು 'ಹೆರಿಗೆ ವಾರ್ಡು' ಎಂದಿತ್ತು. ಅದರ ಮೇಲೆ ಅಡ್ಡಲಾಗಿ ಒಂದು ಗೆರೆ. ಗೆರೆಯ ಮೇಲೆ, ಸ್ವಲ್ಪ ಓರೆಯಾಗಿ, 'ಮಕ್ಕಳ ವಾರ್ಡು'.

ಗುಮಾಸ್ತರು ಟೈಪ್ ಮಾಡಿ ಕೊಟ್ಟ ಹಾಳೆಯಲ್ಲಿ ಯಾರೋ ಪೆನ್ನಿನಿಂದ ಒಂದನ್ನು ಹೊಡೆದುಹಾಕಿ ಮೇಲೆ ಇನ್ನೊಂದನ್ನು ಬರೆದಿದ್ದರು. ಬೋರ್ಡು ಬರೆದವಳು ಹಾಳೆಯಲ್ಲಿದ್ದುದನ್ನೆಲ್ಲ ಬರೆದಿದ್ದಳು. ಹೊಡೆದುಹಾಕಿದ ಗೆರೆಗೂ ನೆರಳು ಕೊಟ್ಟಿದ್ದಳು.

ನರ್ಸುಗಳು ಗುಂಪುಗುಂಪಾಗಿ ಬಂದು ನೋಡಿ ನಕ್ಕು ಹೋದರು. ಕಟ್ಟಡದ ಉಸ್ತುವಾರಿ ನೋಡುವ ಸೂಪರ್‌ವೈಸರ್ ಬೋರ್ಡನ್ನು ಇಳಿಸಿ ಗೋಡೆಗೆ ಒರಗಿಸಿ, ಬರೆದವಳನ್ನು ಕರೆಸಿ ತೋರಿಸಿದ.

"ಏನ್ರೀ ಇದು?"

"ಹಾಳೇಲಿ ಹೆಂಗಿತ್ತೋ ಹಂಗೇ ಬರ್ದಿದೀನಿ ಸಾರ್."

"ಹಾಳೇಲಿ ಟೀ ಚೆಲ್ಲಿದ್ರೆ ಅದನ್ನೂ ಬರೀತಿದ್ರಾ?"

ಅವಳು ಸ್ವಲ್ಪ ಯೋಚಿಸಿದಳು. "ಕಲೆ ದೊಡ್ಡದಾಗಿದ್ರೆ ಕೇಳ್ತಿದ್ದೆ."

ಅವಳನ್ನು ಊರಲ್ಲಿ ಎಲ್ಲರೂ ಕರೆಯುವುದು ಬ್ರಷ್ ಅಕ್ಕ ಎಂದು. ಅಂಗಡಿ ಬೋರ್ಡು, ಗೋಡೆ ಬರಹ, ಲಾರಿಯ ಬೆನ್ನು, ಎಲ್ಲವನ್ನೂ ಅವಳು ಬರೆಯುತ್ತಾಳೆ. ಈ ಊರಲ್ಲಿ ಬರೆಸುವುದು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಅವಳಿಗೆ ಓದಲು ಬರುವುದಿಲ್ಲ. ಅವಳಿಗೆ ಕೆಲಸ ಕಲಿಸಿದ ಅಪ್ಪನಿಗೂ ಬರುತ್ತಿರಲಿಲ್ಲ, ಅಪ್ಪನ ಅಣ್ಣನಿಗೂ ಬರುವುದಿಲ್ಲ. ಇಷ್ಟು ವರ್ಷ ಓದು ಬಲ್ಲ ಅವಳ ತಮ್ಮನೊಬ್ಬ ಪಕ್ಕದಲ್ಲಿ ಕೂತು ಹಾಳೆ ಓದಿ, ಬೇಡದ್ದನ್ನು ಬೆರಳಲ್ಲಿ ಮುಚ್ಚಿ ತೋರಿಸುತ್ತಿದ್ದ. ಅವನು ಬೇರೆ ಊರಲ್ಲಿ ಕ್ರೇನ್ ಓಡಿಸುವ ಕೆಲಸಕ್ಕೆ ಹೋದ ಮೇಲೆ ಅವಳೊಬ್ಬಳೇ ಬರೆದ ಮೊದಲ ದೊಡ್ಡ ಬೋರ್ಡು ಇದು.

ಸೂಪರ್‌ವೈಸರ್ ಕೆಟ್ಟವನಲ್ಲ, ಅವಸರದವನು. "ಹೊಸ ಕಟ್ಟಡದ ಬೋರ್ಡೆಲ್ಲ ನಿಮಗೇ ಅಂತ ಮಾತಾಡಿದ್ವಿ. ಈಗ ಮೇಲಿನವ್ರು ಸ್ಟಿಕರ್ ಕಂಪನಿ ಹೆಸರು ಹೇಳ್ತಿದಾರೆ. ಒಂದು ಕೆಲಸ ಮಾಡಿ. ಕಟ್ಟಡ ತೆರೆಯೋದ್ರೊಳಗೆ ನಾನು ಕೊಟ್ಟ ಹಾಳೇನ ನನ್ನೆದುರಿಗೆ ಓದಿ. ಓದಿದ್ರೆ ಎಲ್ಲಾ ಬೋರ್ಡೂ ನಿಮ್ದು, ಮುಂದೆ ಅದನ್ನ ನೋಡ್ಕೊಳ್ಳೋ ಕೆಲಸಾನೂ ನಿಮ್ದು. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ."

ಪೇಟೆಬೀದಿಯ ಅಂಗಡಿಗಳು ಒಂದೊಂದಾಗಿ ಸ್ಟಿಕರ್‌ಗೆ ಹೋಗಿದ್ದವು. ಉಳಿದ ದೊಡ್ಡ ಕೆಲಸ ಆಸ್ಪತ್ರೆಯೊಂದೇ. ಅದು ಹೋದರೆ ಬ್ರಷ್ ತೊಳೆದಿಡಬೇಕು.

"ಓದ್ತೀನಿ," ಎಂದಳು.

ಮನೆಯಲ್ಲಿ ದೊಡ್ಡಪ್ಪ ಕೇಳಿಸಿಕೊಂಡು ಗೊಳ್ಳನೆ ನಕ್ಕ. ಅವನ ಕೈ ನಡುಗಲು ಶುರುವಾಗಿ ಬ್ರಷ್ ಬಿಟ್ಟು ಬಹಳ ದಿನವಾಗಿತ್ತು, ನಾಲಿಗೆ ಮಾತ್ರ ಗಟ್ಟಿಯಾಗಿತ್ತು. "ಓದೋಕೆ ಕಲಿತೋನು ಅಕ್ಷರ ನೋಡಲ್ಲ ಮಗಳೇ, ಅರ್ಥ ನೋಡ್ತಾನೆ. ಗೆರೆ ಕೆಟ್ಟುಹೋಗುತ್ತೆ."

"ಗೆರೆ ಚೆನ್ನಾಗಿದ್ದಿದ್ದಕ್ಕೇ ದೊಡ್ಡಪ್ಪ ಇವತ್ತು ಮರ್ಯಾದೆ ಹೋಗಿದ್ದು."

ಪಾಠ ನಡೆಯುತ್ತಿದ್ದುದು ಮುಚ್ಚಿಹೋದ ಟೈಪಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ. ಅದನ್ನು ನಡೆಸುತ್ತಿದ್ದ ಟೈಪಿಸ್ಟ್ ಮೇಡಂ ಯಂತ್ರಗಳನ್ನು ಮಾರಿ, ಮೇಜುಗಳನ್ನು ಉಳಿಸಿಕೊಂಡು, ಭಾನುವಾರ ಓದು ಬಾರದ ದೊಡ್ಡವರಿಗೆ ಬಿಟ್ಟಿ ಪಾಠ ಹೇಳುತ್ತಿದ್ದರು. ಮೇಜುಗಳ ಮೇಲೆ ಟೈಪ್‌ರೈಟರಿನ ಕಾಲುಗಳು ಒತ್ತಿದ ಗುಳಿಗಳು ಹಾಗೇ ಇದ್ದವು. ಹೊರಗೆ ಬೋರ್ಡು ಇರಲಿಲ್ಲ. ಬರುವವರು ಮುಖ್ಯರಸ್ತೆ ಬಿಟ್ಟು ಪಕ್ಕದ ಓಣಿಯಿಂದ, ಹಿಂಬಾಗಿಲಿನಿಂದ ಒಳಗೆ ಬರುತ್ತಿದ್ದರು. ಗುರುತಿನವರು ನೋಡಬಾರದು ಎಂದು ಮೇಡಂ ಮಾಡಿದ್ದ ಏರ್ಪಾಡು ಅದು. ಲಾರಿ ಡ್ರೈವರ್ ಒಬ್ಬ ತನ್ನ ಹೆಂಡತಿಗೆ ಇಸ್ಪೀಟು ಆಡಲು ಹೋಗುತ್ತೇನೆಂದು ಸುಳ್ಳು ಹೇಳಿ ಬರುತ್ತಿದ್ದ.

"ಇಸ್ಪೀಟು ಅಂದ್ರೆ ಬೈತಾಳೆ," ಎಂದು ಅವನೇ ಹೇಳಿದ. "ಪಾಠ ಅಂದ್ರೆ ನಗ್ತಾಳೆ. ಬೈಸ್ಕೊಳ್ಳೋದೇ ವಾಸಿ."

ಮೊದಲ ದಿನ ಮೇಡಂ ಕರಿಹಲಗೆಯ ಮೇಲೆ ಇಂಗ್ಲಿಷಿನ ಮೊದಲ ಅಕ್ಷರ ಬರೆದು, "ಇದೇನು?" ಎಂದರು.

"ಏಣಿ," ಎಂದಳು ಬ್ರಷ್ ಅಕ್ಕ.

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅವರ ಮನೆಯಲ್ಲಿ ಎಲ್ಲ ಅಕ್ಷರಕ್ಕೂ ಹೆಸರಿತ್ತು. ಅಪ್ಪ ಇಟ್ಟ ಹೆಸರುಗಳು. ಎರಡು ಕಾಲು ಅಗಲಿಸಿ ನಿಂತದ್ದು ಏಣಿ. ಮುಂದಿನದು ಬಸುರಿ. ಅದರ ಮುಂದಿನದು ಒಡೆದ ಬಳೆ. ಆಮೇಲೆ ಬಿಲ್ಲು, ಬಾಚಣಿಗೆ. ಹೀಗೆ ಕೊನೆಯವರೆಗೂ. "ಏಣಿ ಆದ್ಮೇಲೆ ಹಾವು ಬರಿ, ಹಾವಿನ ಹೊಟ್ಟೆ ದಪ್ಪ ಮಾಡ್ಬೇಡ," ಎಂದು ಅಪ್ಪ ಹೇಳಿದರೆ ಅವಳಿಗೆ ಕ್ಷಣದಲ್ಲಿ ತಿಳಿಯುತ್ತಿತ್ತು.

"ಆ ಹೆಸರು ಮರೀಬೇಕು," ಎಂದರು ಮೇಡಂ. "ಟೈಪಿಂಗ್ ಕಲಿಸುವಾಗಲೂ ನಾನು ಇದನ್ನೇ ಹೇಳ್ತಿದ್ದೆ. ಹಳೇ ಚಾಳಿ ಬಿಟ್ಟರೇ ಹೊಸದು ಕೂರೋದು."

ಇನ್ನೊಂದು ತೊಡಕಿತ್ತು. ಅವಳು ಎಡಗೈಯವಳು, ಅಪ್ಪನ ಹಾಗೆ. ಎಡಗೈಯಲ್ಲಿ ಬೋರ್ಡು ಬರೆಯುವವರು ಎಡದಿಂದ ಶುರುಮಾಡಿದರೆ ಕೈ ಹಸಿ ಬಣ್ಣದ ಮೇಲೆ ಬೀಳುತ್ತದೆ. ಹಾಗಾಗಿ ಅವರ ಮನೆಯಲ್ಲಿ ಸಾಲನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಬರೆಯುವುದು ರೂಢಿ. ಅವಳ ಕಣ್ಣೂ ಹಾಗೇ ಪಳಗಿತ್ತು. ಯಾವ ಪದ ತೋರಿಸಿದರೂ ಬಾಲದಿಂದ ಹಿಡಿಯುತ್ತಿದ್ದಳು.

"ಅಕ್ಕಾ, ಲಾರಿ ರಿವರ್ಸ್‌ನಲ್ಲಿ ಓಡಿಸ್ತಿದೀಯ," ಎಂದ ಡ್ರೈವರ್.

"ನಿನ್ನ ಲಾರಿ ಮೇಲೆ ಇರೋದೆಲ್ಲ ನಾನು ರಿವರ್ಸ್‌ನಲ್ಲೇ ಬರ್ದಿದ್ದು. ಇಷ್ಟು ದಿನ ಮುಂದಕ್ಕೇ ಹೋಯ್ತಲ್ಲ?"

ವಾರಗಳು ಕಳೆದವು. ಡ್ರೈವರ್ ದಾರಿಬದಿಯ ಮೈಲಿಗಲ್ಲುಗಳನ್ನು ಓದತೊಡಗಿದ. ಅವಳು ಮಾತ್ರ ಇದ್ದಲ್ಲೇ ಇದ್ದಳು. ಮೇಡಂ ಅಕ್ಷರ ತೋರಿಸಿದಾಗ ಮೊದಲು ಅಪ್ಪನ ಹೆಸರು ಬಾಯಿಗೆ ಬರುತ್ತಿತ್ತು, ಅದನ್ನು ನುಂಗಿ, ಮೇಡಂ ಹೇಳಿದ ಹೆಸರು ಹುಡುಕುವಷ್ಟರಲ್ಲಿ ಹಿಂದಿನ ಅಕ್ಷರ ತಪ್ಪಿಹೋಗುತ್ತಿತ್ತು. ಒಂದು ಭಾನುವಾರ ಅವಳು ಸೀಮೆಸುಣ್ಣ ಕೆಳಗಿಟ್ಟಳು.

"ನನ್ನ ಕೈಲಿ ಆಗಲ್ಲ ಮೇಡಂ."

"ಕಲಿಯೋದು ಆಗಲ್ವಾ?"

"ಮರೆಯೋದು ಆಗಲ್ಲ. ನನ್ನಪ್ಪ ನಂಗೆ ಕೊಟ್ಟಿದ್ದು ಅದೊಂದೇ. ಅದನ್ನ ಹೊರಗೆ ಬಿಟ್ಟು ಒಳಗೆ ಬಾ ಅಂದ್ರೆ ಬರಲ್ಲ. ನೀವು ಹೇಳೋ ಹೆಸರಿಗೆ ಅರ್ಥಾನಾದ್ರೂ ಇದ್ಯಾ? ನಮ್ಮನೆ ಹೆಸರು ಹೇಳಿದ್ರೆ ಅಕ್ಷರ ಕಣ್ಮುಂದೆ ನಿಲ್ಲುತ್ತೆ."

ಮೇಡಂಗೆ ಎದುರುತ್ತರ ಕೇಳಿ ಅಭ್ಯಾಸವಿರಲಿಲ್ಲ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಸರಿ. ಬಿಡ್ಬೇಡಿ. ಮೊದಲು ನಿಮ್ಮಪ್ಪನ ಹೆಸರು ಹೇಳಿ, ಬೆನ್ನಿಗೇ ಅದರ ಸದ್ದು ಹೇಳಿ. ಜೋರಾಗಿ. ನಾನೂ ಹೇಳ್ತೀನಿ."

ಅಂದಿನಿಂದ ಕೋಣೆಯಲ್ಲಿ ಎಲ್ಲರೂ ಹಾಗೇ ಹೇಳತೊಡಗಿದರು. 'ಓದು' ಎಂಬ ಇಂಗ್ಲಿಷ್ ಪದ ಬಂದಾಗ ಕಾಲು ಚಾಚಿದವನು, ಬಾಚಣಿಗೆ, ಏಣಿ, ಬಿಲ್ಲು ಎಂದು ಸದ್ದಿನ ಜೊತೆ ಒಟ್ಟಿಗೆ ಕೂಗಿದರು. ಬಸುರಿಯನ್ನು ಕೂಗುವಾಗ ಡ್ರೈವರ್ ಪ್ರತಿಸಲ ನಾಚುತ್ತಿದ್ದ. ಬಾಲದಿಂದ ಹಿಡಿಯುವ ಚಾಳಿಗೆ ಮೇಡಂ ಬೇರೆ ಉಪಾಯ ಮಾಡಿದರು. ಒಂದು ರಟ್ಟಿನ ಅಟ್ಟೆ ಕೊಟ್ಟು, ಪದವನ್ನು ಅದರಿಂದ ಮುಚ್ಚಿ ಎಡದಿಂದ ನಿಧಾನವಾಗಿ ಸರಿಸಲು ಹೇಳಿದರು. ಬಾಲ ಕಾಣದಿದ್ದಾಗ ಅವಳು ತಲೆಯಿಂದ ಓದಿದಳು. ನಿಧಾನವಾಗಿ ಓದಿದಳು, ತಡವರಿಸಿ ಓದಿದಳು, ಆದರೆ ಓದಿದಳು.

ಹೊಸ ಕಟ್ಟಡದ ಸುಣ್ಣಬಣ್ಣ ಮುಗಿಯುವ ಹೊತ್ತಿಗೆ ಸೂಪರ್‌ವೈಸರ್ ಹೇಳಿಕಳಿಸಿದ. ಚೀಟಿ ಮಾಡಿಸುವ ಕೌಂಟರಿನ ಎದುರು, ಇನ್ನೂ ಪ್ಲಾಸ್ಟಿಕ್ ಸುತ್ತಿದ ಬೆಂಚುಗಳ ನಡುವೆ, ಅವನು ಅವಳ ಕೈಗೆ ಒಂದು ಹಾಳೆ ಕೊಟ್ಟ. ಕೌಂಟರಿನ ಗುಮಾಸ್ತರು, ನೆಲ ಒರೆಸುತ್ತಿದ್ದ ಇಬ್ಬರು ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು.

"ಮೊದಲ ಬೋರ್ಡು ಇದು. ಇಲ್ಲೇ, ಈ ಕೌಂಟರಿನ ಮೇಲೆ ಬರುತ್ತೆ. ಓದಿ."

ಅವಳು ಚೀಲದಿಂದ ಅಟ್ಟೆ ತೆಗೆದು ಹಾಳೆಯ ಮೇಲಿಟ್ಟಳು.

"ಅದೇನ್ರೀ?"

"ನನ್ನ ಅಟ್ಟೆ."

ಮೊದಲ ಪದ ಬಂತು. ಎರಡನೆಯದು ಬಂತು. ಮೂರನೆಯದಕ್ಕೆ ತುಟಿ ಅಲುಗಿತು, ಸದ್ದು ಬರಲಿಲ್ಲ. ಸೂಪರ್‌ವೈಸರ್ ತಡೆಯಲಾರದೆ ಪದ ಹೇಳಿಕೊಡಲು ಬಾಯಿ ತೆರೆದ.

"ಹೇಳ್ಬೇಡಿ ಸಾರ್. ನಾನು ಇಷ್ಟು ದೂರ ಬಂದಿರೋದು ನಿಮ್ಮ ಬಾಯಲ್ಲಿ ಕೇಳೋಕಲ್ಲ."

ಅವನು ಬಾಯಿ ಮುಚ್ಚಿದ. ಅವಳು ಕಾಲು ಚಾಚಿದವನು, ಬಾಚಣಿಗೆ, ಏಣಿ, ಬಿಲ್ಲು ಎಂದು ಗೊಣಗುತ್ತ, ಅಟ್ಟೆ ಸರಿಸುತ್ತ ಹಾಳೆಯ ಕೊನೆ ಮುಟ್ಟಿದಳು. ಒಂದು ಪದವನ್ನೂ ಬಿಟ್ಟಿರಲಿಲ್ಲ.

"ಭೇಷ್!" ಸೂಪರ್‌ವೈಸರ್ ನಿಜವಾಗಿಯೂ ಖುಷಿಪಟ್ಟ. "ನಾನು ಅಂದ್ಕೊಂಡಿರ್ಲಿಲ್ಲ. ಮೇಲಿನವ್ರಿಗೆ ಈಗ್ಲೇ ಹೇಳ್ತೀನಿ. ನಾಳೆಯಿಂದ ಶುರು ಮಾಡಿ."

ಅವಳು ಕದಲಲಿಲ್ಲ. ಇದುವರೆಗೆ ಅವಳು ಪದಗಳನ್ನು ಬಿಡಿಬಿಡಿಯಾಗಿ ದಾಟಿದ್ದಳು. ಈಗ ಅಟ್ಟೆ ತೆಗೆದು, ಇಡೀ ಸಾಲನ್ನು ಮತ್ತೊಮ್ಮೆ, ಸದ್ದಿಲ್ಲದೆ ಓದಿದಳು. ಎಲ್ಲವೂ ಪಾಠದಲ್ಲಿ ಬಂದಿದ್ದ ಸಣ್ಣ ಪದಗಳೇ. ಓದಲು ಬಾರದವರು ಓದಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಬರಬೇಕು ಎಂದು ಹಾಳೆ ಹೇಳುತ್ತಿತ್ತು.

"ಒಬ್ಬರೇ ಬಂದ್ರೆ?"

"ಏನು?"

"ಓದೋಕೆ ಬರದೋರು ಒಬ್ಬರೇ ಬಂದ್ರೆ ಏನ್ಮಾಡ್ತೀರ?"

"ಅದು... ವಾಪಸ್ ಕಳಿಸಿ, ಯಾರನ್ನಾದ್ರೂ ಕರ್ಕೊಂಡು ಬನ್ನಿ ಅಂತಾರೆ. ಕೌಂಟರ್‌ನಲ್ಲಿ ರಶ್ ಆಗ್ಬಾರ್ದು ಅಂತ. ನಾನು ಮಾಡಿದ್ದಲ್ಲಮ್ಮ, ಮೇಲಿಂದ ಬಂದಿದ್ದು."

"ಜ್ವರ ಹೊತ್ಕೊಂಡು ಬಂದೋರು ಓದೋರನ್ನ ಹುಡುಕ್ಕೊಂಡು ಹೋಗ್ಬೇಕಾ?"

ನೆಲ ಒರೆಸುತ್ತಿದ್ದ ಹೆಂಗಸರಲ್ಲಿ ಒಬ್ಬಳು ಕೋಲಿನ ಮೇಲೆ ಎರಡೂ ಕೈ ಊರಿ ನಿಂತಳು.

"ನೋಡಿ, ನಿಮಗೆ ಬೇಕಾಗಿದ್ದು ಕೆಲಸ," ಎಂದ ಸೂಪರ್‌ವೈಸರ್. ದನಿ ತಗ್ಗಿಸಿದ. "ಸಿಕ್ಕಿದೆ. ಬರೀರಿ."

"ಇದೊಂದು ಬರೆಯಲ್ಲ. ಬಾಕಿ ಎಲ್ಲಾ ಬರೀತೀನಿ."

"ಇದನ್ನ ಬಿಟ್ಟು ಅದು ಅಂತ ನಾನು ಮೇಲೆ ಹೇಳೋಕಾಗಲ್ಲ. ಎಲ್ಲಾ ಸೇರಿ ಒಂದೇ ಕೆಲಸ. ಹೋದ ವರ್ಷ ಆಗಿದ್ರೆ ಇದನ್ನೇ ಕಣ್ಮುಚ್ಚಿ ಬರೀತಿದ್ರಿ."

"ಹೂಂ, ಬರೀತಿದ್ದೆ. ನೆರಳೂ ಕೊಡ್ತಿದ್ದೆ. ಓದು ಅಂದೋರು ನೀವೇ ಸಾರ್. ಓದಿದೆ. ಈಗ ಓದಿಲ್ಲ ಅನ್ಕೊಳ್ಳಿ ಅಂದ್ರೆ ಹೆಂಗೆ?"

ಅವಳು ಹಾಳೆಯನ್ನು ಕೌಂಟರಿನ ಮೇಲಿಟ್ಟು, ಅಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಸೂಪರ್‌ವೈಸರ್ ಬಾಗಿಲವರೆಗೂ ಬಂದು, 'ಯೋಚನೆ ಮಾಡಿ' ಎಂದ. ಯೋಚನೆ ಮಾಡಿಯೇ ಹೇಳಿದ್ದು ಎಂದಳು.

ಮರುವಾರ ಸ್ಟಿಕರ್ ಕಂಪನಿಯವರು ಬಂದು ಇಡೀ ಕಟ್ಟಡಕ್ಕೆ ಅಂಟಿಸಿ ಹೋದರು. ಕೌಂಟರಿನ ಬೋರ್ಡೂ ಬಂತು, ಅದೇ ಮಾತು, ಕೆಂಪಕ್ಷರದಲ್ಲಿ.

ದೊಡ್ಡಪ್ಪ ಇದನ್ನು ಕೇಳಿ ನಗಲಿಲ್ಲ. "ಗೋಡೌನ್ ಗೋಡೆ ಮೇಲೆ ನಾನು ಬರ್ದಿದ್ದು ಇನ್ನೂ ಇದ್ಯಲ್ಲ," ಎಂದ. "ದೊಡ್ಡಕ್ಷರ. ಬರೀವಾಗ ಊರೇ ನಿಂತು ನೋಡಿತ್ತು. ಅದ್ರಲ್ಲಿ ಏನಿದೆ?"

"ಯಾಕೆ ದೊಡ್ಡಪ್ಪ?"

"ನಾನೂ ಯಾರನ್ನಾದ್ರೂ ಬರಬೇಡ ಅಂದಿದ್ದೀನೇನೋ ಅಂತ."

ಅವಳು ಹೋಗಿ ನೋಡಿಕೊಂಡು ಬಂದಳು. "ಇಲ್ಲಿ ಗಾಡಿ ನಿಲ್ಲಿಸಬಾರದು ಅಂತ ಇದೆ."

"ಅಷ್ಟೇನಾ!" ದೊಡ್ಡಪ್ಪನಿಗೆ ಸಮಾಧಾನವೂ ಆಯಿತು, ನಿರಾಸೆಯೂ ಆಯಿತು. "ಅದಕ್ಕೆ ಅಷ್ಟೊಂದು ಚಿನ್ನದ ಬಣ್ಣ ಹಾಕಿದ್ನಾ?"

ಭಾನುವಾರ ಪಾಠದ ಕೋಣೆಯಲ್ಲಿ ಡ್ರೈವರ್ ಕೇಳಿದ, "ಹೊಟ್ಟೆಗೆ ಏನ್ಮಾಡ್ತೀಯಕ್ಕಾ?"

"ನಿನ್ನ ಲಾರಿ ಬೆನ್ನಿನ ಬಣ್ಣ ಮಾಸಿದೆ. ನಿನ್ನ ಸ್ಟ್ಯಾಂಡಲ್ಲಿ ಇನ್ನೂ ಬೇಕಾದಷ್ಟು ಬೋಳು ಲಾರಿ ಇವೆ. ಕರ್ಕೊಂಡು ಬಾ. ಮೊದಲು ನಿನ್ನ ಹೆಂಡ್ತಿಗೆ ನಿಜ ಹೇಳು."

ಆಮೇಲೆ ಅವಳು ಗೋಣಿಚೀಲದಲ್ಲಿ ಸುತ್ತಿ ತಂದಿದ್ದ ತಗಡನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಆಸ್ಪತ್ರೆಗೆಂದು ಬಿಳಿ ಬಣ್ಣ ಹಾಕಿ ಒಣಗಿಸಿಟ್ಟಿದ್ದ ತಗಡು. ಈಗ ಅದರ ಮೇಲೆ ನೀಲಿ ಅಕ್ಷರದಲ್ಲಿ ಒಂದು ಸಾಲು ಇತ್ತು. ಯಾವ ಹಾಳೆಯನ್ನೂ ನೋಡದೆ ಅವಳು ಬರೆದ ಮೊದಲ ಸಾಲು. ಓದಲು ಬಾರದವರು ಒಬ್ಬರೇ ಬನ್ನಿ ಎಂದಿತ್ತು. ಪಕ್ಕದಲ್ಲಿ ದೊಡ್ಡದಾಗಿ ಒಂದು ಏಣಿಯ ಚಿತ್ರ.

ಮೇಡಂ ಓದಿ, ಗಾಬರಿಯಾದರು. "ಬೋರ್ಡು ಬೇಡ ಅಂತಲೇ ತೆಗೆಸಿದ್ದು ನಾನು. ಜನ ನಾಚ್ಕೊಂಡು ಬರದೇ ಇದ್ರೆ?"

"ನಾಚ್ಕೊಂಡು ಹಿಂಬಾಗಿಲಲ್ಲಿ ಬಂದಿದ್ದು ಸಾಕು ಮೇಡಂ. ನಾವೇನು ಕದ್ದಿದೀವಾ?"

"ಅದು ಸರಿ. ಓದಕ್ಕೆ ಬರದೋರು ಇದನ್ನ ಹೆಂಗೆ ಓದ್ತಾರೆ?" ಎಂದ ಡ್ರೈವರ್.

"ಅದಕ್ಕೇ ಏಣಿ ಬರ್ದಿರೋದು."

"ಏಣಿ ನೋಡಿದ್ರೆ ಏನು ಗೊತ್ತಾಗುತ್ತೆ?"

"ಏನೋ ಇದೆ ಅಂತ ಗೊತ್ತಾಗುತ್ತೆ. ಬಂದು ಕೇಳಲಿ."

ಮೇಡಂ ಬೋರ್ಡನ್ನು ಮತ್ತೊಮ್ಮೆ ಓದಿದರು. ನಂತರ ಎದ್ದು, ಸೊಂಟದ ಗೊಂಚಲಿನಿಂದ ಬೀಗದ ಕೈ ತೆಗೆದು, ಮುಖ್ಯರಸ್ತೆಯ ಕಡೆಯ ಬಾಗಿಲು ತೆರೆದರು. ವರ್ಷಗಳಿಂದ ತೆಗೆಯದ ಬಾಗಿಲು. ಡ್ರೈವರ್ ಭುಜ ಕೊಟ್ಟು ತಳ್ಳಬೇಕಾಯಿತು. ಹಳೆಯ ಇನ್‌ಸ್ಟಿಟ್ಯೂಟ್ ಬೋರ್ಡಿನ ಕೊಕ್ಕೆಗಳು ಹಾಗೇ ಇದ್ದವು.

ಬೋರ್ಡು ತೂಗುಹಾಕಿ ಅವಳು ಇನ್ನೂ ಸ್ಟೂಲಿನಿಂದ ಇಳಿದಿರಲಿಲ್ಲ, ಸೈಕಲ್ ಮೇಲೆ ಹೋಗುತ್ತಿದ್ದ ಗಾರೆ ಕೆಲಸದವನೊಬ್ಬ ಕಾಲೂರಿ ನಿಂತು ತಲೆಯೆತ್ತಿ ನೋಡಿದ.

"ಅಮ್ಮಾ, ಏಣಿ ಬಾಡಿಗೆಗೆ ಕೊಡ್ತೀರಾ?"

ಡ್ರೈವರ್ ನಗಲು ಶುರುಮಾಡಿದ. ಬ್ರಷ್ ಅಕ್ಕ ಅವನನ್ನು ಒಂದು ನೋಟ ನೋಡಿದಳು. ಅವನು ಸುಮ್ಮನಾದ.

"ಇಲ್ಲಪ್ಪ," ಎಂದಳು. "ಜೊತೆಗೆ ಯಾರಾದ್ರೂ ಬಂದಿದಾರಾ?"

"ಯಾರೂ ಇಲ್ಲ. ನಾನೊಬ್ನೇ."

"ಹಾಗಾದ್ರೆ ಸೈಕಲ್ ಅಲ್ಲಿ ನಿಲ್ಲಿಸಿ ಒಳಗೆ ಬಾ."