ಎರಡು ಕ್ಯಾಮೆರಾ, ಒಂದು ಕಣ್ಣು

ನಮ್ಮವರಿಗೆ ಕ್ಯಾಮೆರಾದ ಹುಚ್ಚು ಎಂದರೆ ಹುಚ್ಚಿಗೇ ಅವಮಾನವಾದೀತು. ತಮಿಳು ಸೀಮೆಯ ಗಿಂಡಿ ಎಂಬ ಬಡಾವಣೆಯಲ್ಲಿ, ಫ್ಯಾಕ್ಟರಿಗಳ ಸಾಲಿನ ಎದುರು ನಮ್ಮ ಹೋಟೆಲು. ಗಲ್ಲಾದಲ್ಲಿ ಕೂರುವವಳು ನಾನು, ತುಂಗಾ. ಒಳಗೆ ಅಡುಗೆಮನೆಯ ಉಸ್ತುವಾರಿ ನನ್ನ ಗಂಡ ಬಾಬುರಾಯರದು. ಸಾಂಬಾರಿಗೆ ಉಪ್ಪು ಹೆಚ್ಚಾದರೆ ಗಿರಾಕಿಗಳು ಬಂದು ಜಗಳ ಮಾಡುವುದು ನನ್ನ ಹತ್ತಿರ. ಇವರು ಒಳಗೆ, ಇಡ್ಲಿಯ ಹಬೆಯ ಮೇಲೆ ಬಿಸಿಲು ಹೇಗೆ ಬಿದ್ದಿದೆ ಎಂದು ಸೌಟು ಹಿಡಿದುಕೊಂಡು ನೋಡುತ್ತ ನಿಂತಿರುತ್ತಾರೆ. ಇಂಥವರನ್ನು ಕಟ್ಟಿಕೊಂಡು ಮೂವತ್ತು ವರ್ಷ ಹೋಟೆಲು ನಡೆಸಿದ್ದೇನೆ, ನನಗೆ ಯಾರೂ ಹಾರ ಹಾಕಿಲ್ಲ.

ಅವರ ಕ್ಯಾಮೆರಾ ಡಿಜಿಟಲ್. ಆದರೂ ಒಂದೊಂದು ಫೋಟೋಕ್ಕೂ ಮೊದಲು ಹೆಬ್ಬೆರಳಿನಿಂದ ಒಂದು ಲಿವರ್ ಎಳೆಯಬೇಕು, ಹಳೆಯ ಕಾಲದ ರೀಲಿನ ಕ್ಯಾಮೆರಾದ ಹಾಗೆ. ನಾಲ್ಕು ವರ್ಷದ ಹಿಂದೆ ಅದು ಮನೆಗೆ ಬಂದಾಗ ನಾನು ಕೇಳಿದ್ದೆ, "ರೀಲೇ ಇಲ್ಲ, ಮತ್ತೆ ಎಳೆಯುವುದು ಎಂತದ್ದು?"

"ಎಳೆದರೆ ಕೈಗೆ ಒಂದು ಸಮಾಧಾನ" ಎಂದಿದ್ದರು. ಇದಕ್ಕೆ ನಾನು ಏನು ಹೇಳಲಿ!

ಅದನ್ನು ರೇಂಜ್‌ಫೈಂಡರ್ ಅನ್ನುತ್ತಾರಂತೆ. ಒಮ್ಮೆ ನನ್ನ ಕಣ್ಣಿಗೂ ಹಿಡಿದು ತೋರಿಸಿದ್ದರು. ಗಾಜಿನೊಳಗೆ ನಟ್ಟನಡುವೆ ಒಂದು ಹಳದಿ ಚೌಕ. ಆ ಚೌಕದಲ್ಲಿ ಎದುರಿನ ಮನುಷ್ಯ ಇಬ್ಬರಾಗಿ ಕಾಣುತ್ತಾನೆ, ಒಬ್ಬ ಗಟ್ಟಿ, ಇನ್ನೊಬ್ಬ ತೆಳು. ಲೆನ್ಸಿನ ಕೆಳಗಿನ ಗುಬುಟನ್ನು ಬೆರಳಲ್ಲಿ ತಳ್ಳುತ್ತ ಹೋದರೆ ತೆಳ್ಳಗಿನವನು ಜಾರಿ ಜಾರಿ ಬಂದು ಗಟ್ಟಿಯವನೊಳಗೆ ಸೇರಿಕೊಳ್ಳುತ್ತಾನೆ. ಇಬ್ಬರು ಒಬ್ಬನಾದ ಗಳಿಗೆಯಲ್ಲಿ ಒತ್ತಬೇಕು, ಆಗಲೇ ಫೋಟೋ ಸ್ಪಷ್ಟ. ಸತ್ಯ ಹೇಳುತ್ತೇನೆ, ಅದನ್ನು ನೋಡಿ ನನಗೂ ಖುಷಿಯಾಗಿತ್ತು. ಅವರೆದುರು ಹೇಳಲಿಲ್ಲ ಅಷ್ಟೆ.

ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿ ಇದೆ. ಆಯುಧಪೂಜೆಯ ದಿನ ಮಧ್ಯಾಹ್ನಕ್ಕೆ ಒಲೆ ಆರಿಸಿ, ದೋಸೆಕಲ್ಲು, ರುಬ್ಬುವ ಯಂತ್ರ, ಸೌಟು, ಈಳಿಗೆಮಣೆ ಎಲ್ಲವನ್ನೂ ತೊಳೆದು ಪೂಜೆಗೆ ಇಡುತ್ತೇವೆ. ಕ್ಯಾಮೆರಾವೂ ಅವುಗಳ ಜೊತೆಗೇ. ಮರುದಿನ ವಿಜಯದಶಮಿ ಬೆಳಿಗ್ಗೆ ಒಬ್ಬೊಬ್ಬರೂ ತಮ್ಮ ತಮ್ಮ ಆಯುಧ ಎತ್ತಿಕೊಂಡು ಮೊದಲ ಕೆಲಸ ಶುರು ಮಾಡುವಾಗ ಇವರು ಅವರ ಫೋಟೋ ತೆಗೆಯುತ್ತಾರೆ. ದೀಪಾವಳಿಗೆ ಊರಿಗೆ ಹೋಗುವವರ ಕೈಯಲ್ಲಿ ಆ ಫೋಟೋ ಇರಬೇಕು. ದೋಸೆಯ ಕಾಂತಪ್ಪನ ತಾಯಿ ಬೈಂದೂರಿನ ಹತ್ತಿರ ಇದ್ದಾರೆ, ಹದಿಮೂರು ವರ್ಷದ ಹದಿಮೂರು ಫೋಟೋಗಳನ್ನು ಗೋಡೆಗೆ ಸಾಲಾಗಿ ಹಾಕಿದ್ದಾರಂತೆ. ಮಗನ ತಲೆ ನರೆತದ್ದನ್ನೂ ಹೊಟ್ಟೆ ಬಂದದ್ದನ್ನೂ ಅದರಲ್ಲೇ ನೋಡಿಕೊಂಡವರು ಅವರು.

ಅಂಥ ಫೋಟೋ ತೆಗೆಯುವ ನಮ್ಮವರ ಬಲಗಣ್ಣು ಹೋಗತೊಡಗಿತು. ಎರಡು ವರ್ಷದ ಹಿಂದೆ ಡಾಕ್ಟರು ಹೇಳಿದರು, ನೋಟದ ಅಂಚು ಉಳಿಯುತ್ತದೆ, ನಡುಭಾಗ ಮಸುಕಾಗುತ್ತ ಹೋಗುತ್ತದೆ, ಆಪರೇಷನ್ನಿನಿಂದ ಸರಿಹೋಗುವುದಲ್ಲ ಎಂದು. ಎಡಗಣ್ಣು ಅವರಿಗೆ ಹುಟ್ಟಿನಿಂದಲೂ ಲೆಕ್ಕಕ್ಕಿಲ್ಲ. ನಡುಭಾಗವೇ ಹೋದರೆ ನಟ್ಟನಡುವಿನ ಹಳದಿ ಚೌಕ ಕಾಣುವುದು ಹೇಗೆ? ಆದರೆ ಇವರು ಕಣ್ಣಿನ ಮಾತು ಎತ್ತುತ್ತಿರಲಿಲ್ಲ. "ಕ್ಯಾಮೆರಾದ ಚೌಕ ಮಂಕಾಗಿದೆ, ಹಳತಾಯಿತಲ್ಲ" ಅನ್ನುತ್ತಿದ್ದರು. ಈ ವರ್ಷ, 2008ರ ನವರಾತ್ರಿಯ ಹೊತ್ತಿಗೆ ಮಂಕು ಎನ್ನುವುದನ್ನೂ ಬಿಟ್ಟು, "ಚೌಕವೇ ಇಲ್ಲ" ಎನ್ನತೊಡಗಿದರು.

ನನ್ನ ಬಾಯಿ ಸುಮ್ಮನಿರುತ್ತದಾ? "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದುಬಿಟ್ಟೆ. ಅವರು ಎದ್ದು ಚಟ್ನಿ ನೋಡಲು ಹೋದರು. ಆ ದಿನವಿಡೀ ನನಗೆ ಊಟ ಸೇರಲಿಲ್ಲ.

ನಮ್ಮ ಮಗ ಮಿಥುನ್ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅರ್ಧ ತಮಿಳು, ಕಾಲು ಇಂಗ್ಲಿಷು, ಉಳಿದದ್ದು ಕನ್ನಡ. ತಾನಾಗಿ ಫೋಕಸ್ ಮಾಡಿಕೊಳ್ಳುವ ತನ್ನ ಕ್ಯಾಮೆರಾವನ್ನು ಅವನು ಮೊದಲೇ ಅಪ್ಪನಿಗೆ ಕೊಟ್ಟು ನೋಡಿದ್ದ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಅದು ಹಬೆಯನ್ನೇ ಮನುಷ್ಯ ಎಂದುಕೊಂಡು ಹಿಂದೆ ಮುಂದೆ ಗುರ್ ಗುರ್ ಎಂದು ಹುಡುಕಾಡಿ, ಕೊನೆಗೆ ಹಬೆಯ ಫೋಟೋವನ್ನೇ ಅಚ್ಚುಕಟ್ಟಾಗಿ ತೆಗೆಯಿತು. ಹಾಗಾಗಿ ಆಯುಧಪೂಜೆಯ ಹಿಂದಿನ ದಿನ ಅವನು ಪಲ್ಲಾವರಂನಿಂದ ಚಂದುವನ್ನು ಕರೆದುಕೊಂಡು ಬಂದ. ಚಂದುವಿನದು ಮದುವೆ ಫೋಟೋಗಳ ಸ್ಟುಡಿಯೋ, ಮೂಲ ಮೈಸೂರಿನ ಕಡೆ. ಅವನ ಹತ್ತಿರ ಹೊಸದೊಂದು ರೇಂಜ್‌ಫೈಂಡರ್ ಇತ್ತು.

"ಅಪ್ಪಾ, ಚುಮ್ಮಾ ಟ್ರೈ ಮಾಡಿ ನೋಡು. ಮೂರು ದಿನ ಇಟ್ಕೊ. ಇಷ್ಟ ಆದ್ರೆ ಇದು ನಿಂದು, ಹಳೇದು ಚಂದು ಅಣ್ಣನಿಗೆ. ಮೇಲಿನ ದುಡ್ಡು ನಾನು ನೋಡ್ಕೊಳ್ತೇನೆ" ಎಂದ ಮಿಥುನ್.

"ಸಾರ್, ಇದರ ಗಾಜು ತುಂಬಾ ಬ್ರೈಟು. ಚೌಕ ಪಳಪಳ ಅಂತ ಕಾಣ್ಸುತ್ತೆ. ನಿಮ್ಮ ಹಳೇದ್ರ ಮೇಲೆ ನಂಗೆ ಮೊದಲಿಂದ್ಲೂ ಕಣ್ಣು ಬಿಡಿ, ಆ ಲಿವರ್‌ಗೋಸ್ಕರ" ಎಂದ ಚಂದು.

ಆ ಹೊಸ ಕ್ಯಾಮೆರಾವನ್ನು ಇವರು ಕೈಗೆ ತೆಗೆದುಕೊಂಡ ರೀತಿಯನ್ನು ನೋಡಬೇಕಿತ್ತು. ಮೊಮ್ಮಗುವನ್ನು ಮೊದಲ ಸಲ ಎತ್ತಿಕೊಂಡವರ ಹಾಗೆ, ಕತ್ತಿನ ಕೆಳಗೆ ಕೈ ಕೊಟ್ಟು. "ಅಬ್ಬ, ಎಂತ ಕೆಲಸ ಮಾರಾಯ ಇದು! ಒಂದು ಕೂದಲು ತೂರಿಸುವಷ್ಟು ಸಂದು ಇಲ್ಲ" ಎಂದರು. ಒಂದು ಸಲ ಒತ್ತಿ ಅದರ ಸದ್ದನ್ನು ಕಿವಿಯ ಹತ್ತಿರ ಹಿಡಿದು ಕೇಳಿದರು. ತೆಗೆದ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಪರದೆಗೆ ಮೂಗು ತಗಲುವಷ್ಟು ಹತ್ತಿರ ಹೋಗಿ, ಮುಖವನ್ನು ಓರೆ ಮಾಡಿ ನೋಡಿ, "ಬಣ್ಣ ನೋಡು ತುಂಗಾ, ಕಾಯಿಹಾಲಿಗೂ ಹಸುವಿನ ಹಾಲಿಗೂ ಬಿಳಿಯಲ್ಲಿ ವ್ಯತ್ಯಾಸ ಗೊತ್ತಾಗ್ತದೆ" ಎಂದರು. ಹೊಟ್ಟೆಕಿಚ್ಚಿಲ್ಲದೆ ಒಂದು ವಸ್ತುವನ್ನು ಹೊಗಳುವುದು ಇವರಿಂದ ಕಲಿಯಬೇಕು. ಎದುರಿನ ಬೀದಿಯ ಹೋಟೆಲಿನ ರವೆದೋಸೆಯನ್ನೂ ಹೀಗೆಯೇ ಹೊಗಳಿ ನನ್ನ ಹೊಟ್ಟೆ ಉರಿಸುತ್ತಾರೆ.

ಆಮೇಲೆ ಅದನ್ನು ತೆಗೆದುಕೊಂಡು ಅಡುಗೆಮನೆಗೆ ಹೋದರು. ಕಾಂತಪ್ಪನನ್ನು ನಿಲ್ಲಿಸಿ ಒಂದಷ್ಟು, ತರಕಾರಿ ಹೆಚ್ಚುವ ಸಾಕಮ್ಮನನ್ನು ಕೂರಿಸಿ ಒಂದಷ್ಟು. ಹೊರಗೆ ಬಂದಾಗ ಮುಖ ಇಳಿದಿತ್ತು. ಮಿಥುನ್ ಫೋಟೋಗಳನ್ನು ತೆರೆದು ತೋರಿಸಿದ. ಒಂದೇ ಒಂದೂ ಸ್ಪಷ್ಟ ಇಲ್ಲ. ಕಾಂತಪ್ಪನ ಹಿಂದಿನ ಗೋಡೆಯ ಮೊಳೆ ಕಾಣುತ್ತದೆ, ಕಾಂತಪ್ಪ ಕಾಣುವುದಿಲ್ಲ.

ಚಂದು ಹೋದ ಮೇಲೆ ಇವರು ಗಲ್ಲಾದ ಪಕ್ಕದ ಸ್ಟೂಲಿನಲ್ಲಿ ಕೂತರು. "ಕ್ಯಾಮೆರಾ ಅಪ್ಪಟ ಚಿನ್ನ ತುಂಗಾ. ಅದರಲ್ಲೂ ಚೌಕ ಕಾಣ್ಲಿಲ್ಲ. ಅಂದ ಮೇಲೆ ಹೋದದ್ದು ಕ್ಯಾಮೆರಾ ಅಲ್ಲ, ನನ್ನದೇ." ಹಳೆಯ ಕ್ಯಾಮೆರಾವನ್ನು ತೊಡೆಯ ಮೇಲೆ ಇಟ್ಟುಕೊಂಡು, "ನಾಡಿದ್ದು ಹಳೇದರಲ್ಲೇ ಕೊನೇ ಸಲ ತೆಗೀತೇನೆ. ಬಂದದ್ದು ಬರ್ಲಿ. ಆಮೇಲೆ ಚಂದು ಅದನ್ನ ತೆಗೊಂಡು ಹೋಗ್ಲಿ, ಹೊಸದೂ ಬೇಡ. ಕಾಂತಪ್ಪನ ತಾಯಿಗೆ ಮಸುಕು ಮಗನನ್ನ ಕಳಿಸುವುದು ನನ್ನಿಂದಾಗದು" ಎಂದರು.

ನನಗೆ ಅಳು ಬಂತು, ಅದಕ್ಕೇ ಸಿಟ್ಟೂ ಬಂತು. "ಕೊಡುವುದಾದ್ರೆ ಕೊಡಿ, ನನಗೆಂತ? ಒಂದು ಕಪಾಟು ಖಾಲಿ ಆಗ್ತದೆ" ಎಂದೆ.

ಮರುದಿನ ಆಯುಧಪೂಜೆ. ಗಂಧ ಕುಂಕುಮದ ಕೆಲಸ ಯಾವತ್ತೂ ನನ್ನದು. ದೋಸೆಕಲ್ಲಿಗೆ ಮೂರು ಬೊಟ್ಟು, ರುಬ್ಬುವ ಯಂತ್ರಕ್ಕೆ ಮೂರು, ಗಲ್ಲಾಪೆಟ್ಟಿಗೆಗೆ ಐದು. ಹೊಸ ಕ್ಯಾಮೆರಾ ಪರರ ಸೊತ್ತು, ಅದಕ್ಕೆ ಹೂವು ಮಾತ್ರ. ಹಳೆಯದಕ್ಕೆ ಹಚ್ಚುವುದೆಲ್ಲಿ? ಲೆನ್ಸಿಗೆ ಹಚ್ಚಬಾರದು ಎಂಬಷ್ಟು ಬುದ್ಧಿ ನನಗಿದೆ. ಪ್ರತಿ ವರ್ಷ ಇವರೇ ಎದುರು ನಿಂತು, ಅಡಿಯಲ್ಲಿ ಹಚ್ಚು ಎನ್ನುತ್ತಿದ್ದರು. ಈ ಸಲ ಅವರು ಪೂಜೆಯ ಹತ್ತಿರವೇ ಸುಳಿಯಲಿಲ್ಲ, ಕೋಯಂಬೇಡು ಮಾರ್ಕೆಟ್ಟಿನಿಂದ ತಂದ ಬೂದುಗುಂಬಳಕಾಯಿ ನೋಡುವ ನೆಪದಲ್ಲಿ ಬಾಗಿಲಲ್ಲೇ ಉಳಿದರು. ಕ್ಯಾಮೆರಾದ ಮುಂಭಾಗದಲ್ಲಿ ಮೂರು ಕಿಟಕಿಗಳಿದ್ದವು. ಒಂದು ಅವರು ಕಣ್ಣಿಡುವುದು, ಒಂದು ಮಂಜು ಗಾಜಿನದು, ಇನ್ನೊಂದು ಬಟಾಣಿಯಷ್ಟು ಸಣ್ಣದು. ಈ ಸಣ್ಣದು ಬೊಟ್ಟಿಗೆಂದೇ ಮಾಡಿಸಿದ ಜಾಗದ ಹಾಗಿತ್ತು. ಕೊನೆಯ ಪೂಜೆ ಅಲ್ವಾ ಎಂದು ಗಂಧವನ್ನು ಧಾರಾಳವಾಗಿ ಮೆತ್ತಿ, ಮೇಲೆ ಕುಂಕುಮ ಇಟ್ಟು, ಕೈಮುಗಿದೆ.

ವಿಜಯದಶಮಿ ಬೆಳಿಗ್ಗೆ ಪೂಜೆಯ ಕುಂಕುಮವನ್ನು ಒರೆಸುವಂತಿಲ್ಲ. ಇವರು ಹಾಗೆಯೇ ಕ್ಯಾಮೆರಾ ಎತ್ತಿಕೊಂಡರು. ಕಾಂತಪ್ಪ ಮೊದಲ ದೋಸೆ ಹುಯ್ದ, ಸಾಕಮ್ಮ ಮೊದಲ ಬದನೆಕಾಯಿ ಸೀಳಿದಳು. ಲಿವರಿನ ಕರಕ್ ಸದ್ದು, ಆಮೇಲೆ ಕ್ಲಿಕ್. ಒಟ್ಟು ಹನ್ನೊಂದು ಜನ. ಗಲ್ಲಾದಲ್ಲಿ ಕೂತಲ್ಲಿಂದಲೇ ಅಷ್ಟನ್ನೂ ಎಣಿಸಿದೆ.

ತಿಂಡಿಯ ಗಲಾಟೆ ಮುಗಿಯುವ ಹೊತ್ತಿಗೆ ಚಂದು ಬಂದ. ಇವರು ಹಳೆಯ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟರು. ಅವನು ಅದನ್ನು ತಿರುಗಿಸಿ ನೋಡಿದವನು ಹಾಗೇ ನಿಂತ.

"ಈ ಕಿಟಕಿಗೆ ಯಾರು ಹಚ್ಚಿದ್ದು?"

"ನಾನು. ಯಾಕೆ, ಏನಾಯ್ತು?"

"ಅಮ್ಮಾ, ಚೌಕದೊಳಗಿನ ಎರಡನೇ ಮನುಷ್ಯ ಬರೋದೇ ಈ ಕಿಟಕಿಯಿಂದ. ಇದು ಮುಚ್ಚಿದ್ರೆ ಎಂಥ ಕಣ್ಣಿದ್ದೋರಿಗೂ ಫೋಕಸ್ ಗೊತ್ತಾಗಲ್ಲ. ಈವತ್ತಿಂದು ಎಲ್ಲಾ ಹೋಯ್ತು ಅನ್ಸುತ್ತೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರ ಕೊನೆಯ ಫೋಟೋಗಳನ್ನು ನನ್ನ ಕೈಯಾರೆ ಹಾಳು ಮಾಡಿದ್ದೆ. ಇವರ ಮುಖ ನೋಡುವ ಧೈರ್ಯ ಬರಲಿಲ್ಲ. ಮಿಥುನ್ ಕ್ಯಾಮೆರಾದ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿದ.

ಪರದೆಯ ಮೇಲೆ ಕಾಂತಪ್ಪ ತೆರೆದುಕೊಂಡ. ಹುಬ್ಬಿನ ಮೇಲಿನ ಬೆವರ ಹನಿ, ದೋಸೆಹಿಟ್ಟು ಕಲ್ಲಿನ ಮೇಲೆ ಸುತ್ತುವಾಗಿನ ಗೆರೆ, ಎಲ್ಲ ಇತ್ತು. ಆಮೇಲೆ ಸಾಕಮ್ಮ, ಅವಳ ರೆಪ್ಪೆಯ ಕೂದಲು ಕೂದಲೂ ಕಾಣುವಂತೆ. ಹಬೆಯ ನಡುವೆ ನಿಂತ ಇಡ್ಲಿಯವನು ಕೂಡ. ಹನ್ನೊಂದಕ್ಕೆ ಹನ್ನೊಂದೂ ಸ್ಪಷ್ಟ!

"ಎಪ್ಪಡಿ ಪಾ?" ಎಂದ ಮಿಥುನ್. ಹೇಗಪ್ಪಾ ಎಂದು ಕೇಳುವುದಕ್ಕೂ ಗಾಬರಿಯಲ್ಲಿ ಅವನಿಗೆ ಬರುವುದು ತಮಿಳೇ.

ಇವರು ತಮ್ಮ ಎಡಗೈಯ ಬೆರಳನ್ನೇ ನೋಡಿಕೊಳ್ಳುತ್ತಿದ್ದರು. "ನನಗೂ ಗೊತ್ತಿಲ್ಲ ಮಾರಾಯ. ಲೆನ್ಸಿನ ಗುಬುಟು ಇಲ್ಲಿ ನಿಂತರೆ ಏಳಡಿ. ದೋಸೆಕಲ್ಲಿನಿಂದ ಏಳಡಿ ಅಂದ್ರೆ ನೆಲದ ಆ ಒಡೆದ ಟೈಲ್ಸ್, ನಾನು ಯಾವತ್ತೂ ನಿಲ್ಲುವುದು ಅಲ್ಲೇ. ಸ್ವಲ್ಪ ಎಡಕ್ಕೆ ಬಂದ್ರೆ ಐದಡಿ, ಅದು ಸಾಕಮ್ಮ. ಕೈ ತಾನಾಗಿ ಹೋಗ್ತದೆ. ಕಣ್ಣು ಸರಿ ಇದ್ದಾಗ ಚೌಕ ನೋಡಿಯೇ ತೆಗೀತಿದ್ದೆ ಅಂತ ನಾನು ತಿಳ್ಕೊಂಡಿದ್ದೆ."

"ಹೊಸ ಕ್ಯಾಮೆರಾದ ಲೆನ್ಸೇ ಬೇರೆ ಸಾರ್, ಅದರ ಗುಬುಟು ನಿಂತ್ಕೊಳ್ಳೋ ಜಾಗ ಬೇರೆ. ಅದಕ್ಕೇ ಮೊನ್ನೆ ಕೈ ತಪ್ಪಿದ್ದು" ಎಂದ ಚಂದು. "ನೀವು ಕಣ್ಣಲ್ಲಿ ಫೋಕಸ್ ಮಾಡೋದು ಬಿಟ್ಟು ಎಷ್ಟು ವರ್ಷ ಆಯ್ತೋ!"

ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಈ ಮನುಷ್ಯ ನನ್ನ ಗಂಡ ಎಂದು ಬೀದಿಗೆ ಹೋಗಿ ಕೂಗಬೇಕು ಅನ್ನಿಸಿತು. ಆದರೆ ಇವರು ತಲೆ ಆಡಿಸಿದರು.

"ಅದು ಟೈಲ್ಸಿನ ಉಪಕಾರ. ಆ ಅಡುಗೆಮನೆ ಬಿಟ್ಟು ನಾಲ್ಕು ಹೆಜ್ಜೆ ಹೊರಗೆ ಬಂದ್ರೆ ನಾನು ಕುರುಡನೇ. ಬೇಡ ಚಂದು, ತೆಗೊಂಡು ಹೋಗು."

ಇಷ್ಟು ಕೇಳಿದ್ದೇ ಸರಿ, ನನ್ನ ಪಿತ್ತ ನೆತ್ತಿಗೇರಿತು. ಗಲ್ಲಾದಿಂದ ಎದ್ದು, ಕಾಫಿ ಕೌಂಟರ್ ದಾಟಿ, ಕೈ ತೊಳೆಯುವ ಜಾಗದ ಹತ್ತಿರ ನಿಂತು ಶುರು ಮಾಡಿದೆ. "ಎಂತ ಮನುಷ್ಯರು ನೀವು! ದೇವರು ಬಂದು ಕೈಗೆ ಕೊಟ್ಟರೂ ಬೇಡ ಅನ್ನುವ ಜಾತಿ. ಹನ್ನೊಂದು ಫೋಟೋ ಕಣ್ಣೆದುರು ಉಂಟು, ಇನ್ನೂ ಎಂತ ಸಾಕ್ಷಿ ಬೇಕು ನಿಮಗೆ? ಅಳುವವರ ಹಾಗೆ ಮುಖ ಮಾಡಿಕೊಂಡು..."

ಕರಕ್. ಕ್ಲಿಕ್.

ಚಂದುವಿನ ಕೈಯಿಂದ ಯಾವಾಗ ತೆಗೆದುಕೊಂಡರೋ, ಯಾವಾಗ ಕಾರ್ಡ್ ಹಾಕಿದರೋ. ಕ್ಯಾಮೆರಾ ಅವರ ಎದೆಯ ಹತ್ತಿರ ಇತ್ತು, ಕಣ್ಣು ಎರಡೂ ಮುಚ್ಚಿದ್ದವು.

ಮಿಥುನ್ ಓಡಿಹೋಗಿ ಕಂಪ್ಯೂಟರಿಗೆ ಹಾಕಿದ. ನಾನು ಬಾಯಿ ತೆರೆದು, ಬೆರಳು ಎತ್ತಿ ನಿಂತಿದ್ದೇನೆ. ಫೋಟೋ ಓರೆಯಾಗಿತ್ತು, ನನ್ನ ತುರುಬು ಅರ್ಧ ಕತ್ತರಿಸಿಹೋಗಿತ್ತು. "ಲೆನ್ಸು ಪೂರ್ತಿ ಓಪನ್ ಇದೆ, ಒಂದು ಗೇಣು ತಪ್ಪಿದ್ರೂ ಮಸುಕು ಬರ್ಬೇಕಿತ್ತು" ಎನ್ನುತ್ತ ಚಂದು ಅದನ್ನು ದೊಡ್ಡದು ಮಾಡುತ್ತ ಹೋದ. ನನ್ನ ಮೂಗುಬೊಟ್ಟಿನ ಏಳು ಹರಳುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

"ಇಲ್ಲಿ ಟೈಲ್ಸ್ ಗುರುತು ಇಲ್ವಲ್ಲ ಸಾರ್. ಕಣ್ಣೂ ಮುಚ್ಚಿದ್ರಿ" ಎಂದ ಚಂದು.

ಇವರು ನಕ್ಕರು. ಆ ನಗು ನೋಡದೆ ಎರಡು ವರ್ಷವಾಗಿತ್ತು. "ಮೂವತ್ತು ವರ್ಷ ಇವಳಿಂದ ಬೈಸಿಕೊಂಡಿದ್ದೇನೆ ಮಾರಾಯ. ಎಷ್ಟು ದೂರದಿಂದ ಬೈತಾಳೆ ಅಂತ ತಿಳಿಯಲಿಕ್ಕೆ ಕಣ್ಣು ಬೇಕಾ ನನಗೆ?" ಎಂದರು. ಆಮೇಲೆ ಹೊಸ ಕ್ಯಾಮೆರಾವನ್ನು ಬಟ್ಟೆಯಲ್ಲಿ ಒರೆಸಿ, ಒಮ್ಮೆ ಸವರಿ, ಚಂದುವಿನ ಚೀಲದೊಳಗೆ ತಾವೇ ಇಟ್ಟರು. "ಇದು ರಾಜ. ಕಣ್ಣಿದ್ದವರಿಗೆ ಕೊಡು, ನೂರು ವರ್ಷ ಬಾಳ್ಲಿ. ನನಗೆ ಈ ಹಳೇದು ಸಾಕು."

ಎಲ್ಲರೂ ನನ್ನ ಕಡೆ ತಿರುಗಿದರು, ನಾನು ಏನು ಹೇಳುತ್ತೇನೆ ಎಂದು. ಹೇಳಲಿಕ್ಕೆ ಎಷ್ಟೋ ಇತ್ತು. ನಾನು ತುರುಬು ಸರಿಮಾಡಿಕೊಂಡು, ಇನ್ನೊಂದು ಫೋಟೋಕ್ಕೆ ಅದೇ ಜಾಗಕ್ಕೆ ಹೋಗಿ ನಿಂತೆ.