ಗುರುವಾರದ ಪಂಚಾಯ್ತಿ

"ಇವ್ಳು ಅಳ್ತಾವ್ಳೆ ಅಂದ್ಕಂಡ್ರಾ? ಕಣ್ಣಲ್ಲಿ ಒಂದ್ ತೊಟ್ಟು ನೀರಿಲ್ಲ. ಬರೀ ಸೆರಗು ಹಿಂಡೋ ನಾಟ್ಕ," ಎಂದು ಚಿಕ್ಕಬೀರಮ್ಮ ಟಿ.ವಿ. ಕಡೆ ಗದ್ದ ಚಾಚಿ ತೀರ್ಪು ಕೊಟ್ಟಳು. "ತಪ್ಪೆಲ್ಲ ಇವ್ಳುದೇಯ. ಗಂಡನ್ನ ಬುಟ್ಟು ಬಂದೋಳು ಅಷ್ಟು ನೀಟಾಗಿ ಜಡೆ ಹಾಕ್ಕಂಡು ಬತ್ತಾಳಾ?"

ಜಗಲಿಯ ಮೇಲೆ ಕುಳಿತಿದ್ದ ಹೆಂಗಸರೆಲ್ಲ ನಕ್ಕರು. ಪವಿತ್ರಾ ನಗಲಿಲ್ಲ. ಹಸಿರು ಹೊಗೆಸೊಪ್ಪಿನ ರಾಶಿಯ ಹಿಂದೆ ಇನ್ನಷ್ಟು ಬಗ್ಗಿ ಕುಳಿತು, ಎಲೆಗಳ ತೊಟ್ಟು ಜೋಡಿಸಿ ದಾರ ಸುತ್ತಿ ಕಡ್ಡಿಗೆ ಕಟ್ಟತೊಡಗಿದಳು.

ಕಟ್ಟೆಮಳಲವಾಡಿಯಲ್ಲಿ ಅದು ಸೊಪ್ಪು ಮುರಿಯುವ ಕಾಲ. ಬೆಳಿಗ್ಗೆ ಹೊಲದಿಂದ ಬಂದ ಎಲೆ ಕತ್ತಲಾಗುವುದರೊಳಗೆ ಕಡ್ಡಿಗೇರಿ, ಬೆಂಕಿಯ ಕಾವಿನಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ ಮನೆಯೊಳಗೆ ಹೋಗಬೇಕು. ಸಂಜೆ ಟಿ.ವಿ.ಯಲ್ಲಿ ಆ ಕಾರ್ಯಕ್ರಮ ಶುರುವಾಯಿತೆಂದರೆ ಕಟ್ಟುವ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದುದನ್ನು ನೋಡಿ ಪವಿತ್ರಾಳ ಗಂಡ ಲಿಂಗರಾಜು ಒಂದು ಉಪಾಯ ಮಾಡಿದ್ದ. ಟಿ.ವಿ.ಯನ್ನೇ ತಂದು ಬಾಗಿಲಿಗೆ ಅಡ್ಡ ಇಟ್ಟು ಜಗಲಿಗೆ ಮುಖ ಮಾಡಿದ್ದ. ಅಲ್ಲಿಂದೀಚೆಗೆ ಕೆಲಸವೂ ಸಾಗುತ್ತಿತ್ತು, ತೀರ್ಪೂ ಸಾಗುತ್ತಿತ್ತು.

ಕಾರ್ಯಕ್ರಮಕ್ಕೆ ಬೇರೆ ಏನೋ ಹೆಸರಿತ್ತು. ಊರಿನಲ್ಲಿ ಎಲ್ಲರೂ ಅದನ್ನು ಪಂಚಾಯ್ತಿ ಎನ್ನುತ್ತಿದ್ದರು. ಜಗಳ ಆಡಿಕೊಂಡ ಗಂಡ ಹೆಂಡಿರು, ಮನೆ ಬಿಟ್ಟು ಹೋದವರು, ಮಕ್ಕಳನ್ನು ಕಳೆದುಕೊಂಡವರು ಬಂದು ಸೋಫಾದ ಮೇಲೆ ಕೂರುತ್ತಿದ್ದರು. ಕನ್ನಡಕದ ಒಬ್ಬ ಹೆಂಗಸು, ಎಲ್ಲರ ಬಾಯಲ್ಲೂ 'ಅಕ್ಕ', ನಡುವೆ ಕುಳಿತು ಕೇಳುತ್ತಿದ್ದಳು. ಅವಳು ಕೊನೆಯಲ್ಲಿ ಏನೇ ಹೇಳಲಿ, ಕಟ್ಟೆಮಳಲವಾಡಿಯ ತೀರ್ಪು ಅದಕ್ಕೂ ಮೊದಲೇ ಆಗಿರುತ್ತಿತ್ತು.

"ಪಿಚ್ಚರ್ ಆದ್ರೆ ಬುಡು," ಎನ್ನುತ್ತಿದ್ದಳು ಚಿಕ್ಕಬೀರಮ್ಮ. ಪ್ರಾಯದಲ್ಲಿ ಹುಣಸೂರಿನ ಟಾಕೀಸಿಗೆ ನಡೆದೇ ಹೋಗಿ ಬರುತ್ತಿದ್ದವಳು ಅವಳು. "ಅದು ಸುಳ್ಳು ಅಂತ ಗೊತ್ತಿದ್ದೇ ಅಳ್ತೀವಿ, ಯಾರ್ಗೂ ಲುಕ್ಸಾನಿಲ್ಲ. ಅಲ್ಲಿ ಹುಡ್ಗಿ ಓಡೋದ್ರೆ ನಾವೇ ಸೀಟಿ ಹೊಡೀತೀವಿ. ಆದ್ರೆ ಇದು ದಿಟ ಕಣ್ರವ್ವ. ದಿಟದ ಮುಂದೆ ಕುಂತ್ಮೇಲೆ ತಪ್ಪು ಯಾರ್ದು ಅಂತ ಏಳ್ದೆ ಇರಕಾಯ್ತದಾ?"

ಪವಿತ್ರಾ ಮದುವೆಯಾಗಿ ಬಂದು ಎರಡು ವರ್ಷ. ಅತ್ತೆ ಚಿಕ್ಕಬೀರಮ್ಮ ಕೆಟ್ಟವಳಲ್ಲ ಎಂದು ಅವಳಿಗೆ ಗೊತ್ತಿತ್ತು. ಜ್ವರ ಬಂದಾಗ ರಾತ್ರಿಯೆಲ್ಲ ಒದ್ದೆ ಬಟ್ಟೆ ಹಾಕಿದವಳು, ಮಗ ಗದರಿದರೆ ಸೊಸೆಯ ಪರ ನಿಲ್ಲುವವಳು. ಅಂಥವಳ ಬಾಯಿಂದ ಬರುತ್ತಿದ್ದುದರಿಂದಲೇ ಆ ಮಾತುಗಳು ಪವಿತ್ರಾಳ ಎದೆಗೆ ನೇರ ಇಳಿಯುತ್ತಿದ್ದವು. ಅದರಲ್ಲೂ ಈ ವಾರ ಒಂದೊಂದು ಮಾತೂ ತನಗಾಗಿ ಮೊದಲೇ ಬರೆದಿಟ್ಟ ತೀರ್ಪಿನಂತೆ ಕೇಳುತ್ತಿತ್ತು.

ಭಾನುವಾರ ಮಧ್ಯಾಹ್ನ ಎಲ್ಲರೂ ಹೊಲದಲ್ಲಿದ್ದಾಗ ಮನೆಯ ಫೋನು ಬಡಿದುಕೊಂಡಿತ್ತು. ಬುತ್ತಿ ಒಯ್ಯಲು ಬಂದಿದ್ದ ಪವಿತ್ರಾ ಎತ್ತಿದಳು.

"ಪವಿ, ನಾನು ಕಣೆ," ಎಂದಿತು ಆ ಕಡೆಯ ದನಿ.

ಆರು ವರ್ಷದ ಮೇಲೆ ಕೇಳಿದರೂ ಗುರುತು ಹಿಡಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಅದು ಅವಳ ಅಕ್ಕ ಕಾವ್ಯಶ್ರೀ.

"ಮೈಸೂರಲ್ಲಿ ಗಾರ್ಮೆಂಟ್ಸ್‌ಗೆ ಹೋಯ್ತಾ ಇದ್ದೀನಿ. ನಿನ್ ನಂಬರ್ ಎಂಗೋ ಸಿಕ್ತು. ಟಿ.ವಿ.ಯೋರ ತಾವ ಹೋಗಿದ್ದೆ ಪವಿ. ಗುರ್ವಾರ ಸಂಜೆ ಆಕ್ತಾರಂತೆ. ಮಕ ತೋರುಸ್ಬೇಡಿ ಅಂದೆ, ನೋಡವ ಅಂದ್ರು. ಅಪ್ಪನ ಹೆಸ್ರು, ಊರು ಕೇಳುದ್ರು, ಏಳ್ಬುಟ್ಟೆ. ನಿಂಗೆ ತಿಳಿಸ್ದೆ ಇರಕ್ಕಾಗ್ನಿಲ್ಲ." ತನ್ನ ನಂಬರನ್ನು ಎರಡು ಸಲ ಹೇಳಿ ಫೋನಿಟ್ಟಳು. ಪವಿತ್ರಾ ಅದನ್ನು ಎಲ್ಲೂ ಬರೆದುಕೊಳ್ಳಲಿಲ್ಲ. ಬರೆಯಲು ಹೆದರಿ ಬಾಯಿಪಾಠ ಮಾಡಿದಳು.

ಅಕ್ಕ ಸತ್ತಿದ್ದಾಳೆ ಎಂದು ಈ ಮನೆಯವರೆಲ್ಲ ತಿಳಿದಿದ್ದರು. ಪವಿತ್ರಾಳ ತವರು ಕೋಟೆ ಕಡೆ. ಅಲ್ಲಿ ಶುಂಠಿ ಬೆಳೆಯಲು ಜಮೀನು ಗುತ್ತಿಗೆ ಹಿಡಿದಿದ್ದ ಮಲಯಾಳಿಗಳ ಜೊತೆ ಒಬ್ಬ ಮೇಸ್ತ್ರಿ ಬಂದಿದ್ದ. ಕಾವ್ಯಶ್ರೀ ಅವನ ಹಿಂದೆ ಮಾನಂದವಾಡಿಗೆ ಹೊರಟು ಹೋದ ವಾರದಲ್ಲೇ ಅಪ್ಪ ಸಣ್ಣಬೀರಯ್ಯ ತಲೆ ಮೇಲೆ ನೀರು ಹುಯ್ದುಕೊಂಡು ಬಂದು, "ನಂಗಿದ್ದಿದ್ದು ಒಬ್ಳೇ ಮಗ್ಳು," ಎಂದಿದ್ದ. ಪವಿತ್ರಾಳನ್ನು ನೋಡಲು ಹುಣಸೂರು ಕಡೆಯಿಂದ ಈ ಮನೆಯವರು ಬಂದಾಗ ಗೋಡೆಯ ಮೇಲಿನ ಫೋಟೋ ಯಾರದೆಂದು ಕೇಳಿದರು. "ದೊಡ್ಡೋಳು. ಕಾಮಾಲೆ ಆಗಿ ಹೋಗ್ಬುಟ್ಲು," ಎಂದ ಅಪ್ಪ. ಕಾಫಿ ಲೋಟ ಹಿಡಿದು ನಿಂತಿದ್ದ ಪವಿತ್ರಾ ತಲೆ ತಗ್ಗಿಸಿದಳು. ಅವಳು ಏನೂ ಹೇಳಿರಲಿಲ್ಲ. ಆದರೆ ಆ ತಗ್ಗಿಸಿದ ತಲೆಯೇ ಹೌದು ಎಂದಿತ್ತು.

ಗುರುವಾರ ಬಂದೇ ಬಂತು. ಬೆಳಗಿನಿಂದ ಪವಿತ್ರಾಳ ಬಾಯಿಗೆ ಅನ್ನ ಸೇರಲಿಲ್ಲ. ಬ್ಯಾರನ್ನಿನ ಒಲೆಗೆ ಸೌದೆ ತುಂಬುತ್ತಿದ್ದ ಲಿಂಗರಾಜು, "ಯಾಕೆ, ಹುಸಾರಿಲ್ವಾ?" ಎಂದು ಕೇಳಿದಾಗ ಅವಳ ಕೈಯಲ್ಲಿದ್ದ ಬಿಂದಿಗೆ ಜಾರಿತು. ಇವನಿಗೆ ಈಗಲೇ ಹೇಳಿಬಿಡಲೇ ಎಂದುಕೊಂಡಳು. ಆದರೆ ಹೇಳಬೇಕಾದ ಮೊದಲ ಮಾತೇ ಎರಡು ವರ್ಷದ ಸುಳ್ಳಿನದು. ಸೋಫಾದ ಮೇಲೆ ಕುಳಿತ ಗಂಡಸರು ಎಂಥೆಂಥ ಸಣ್ಣ ಸುಳ್ಳಿಗೆ ಹೆಂಡತಿಯನ್ನು ಬೇಡವೆಂದು ಎದ್ದು ಹೋಗುವುದನ್ನು ಅವಳು ಇದೇ ಜಗಲಿಯಲ್ಲಿ ಕುಳಿತು ನೋಡಿದ್ದಳು. "ಏನಿಲ್ಲ, ಬಿಸ್ಲು," ಎಂದಳು.

ಮಧ್ಯಾಹ್ನ ಯಾರೂ ಇಲ್ಲದಾಗ ಕುಡುಗೋಲು ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಕೇಬಲ್ಲಿನ ಕರಿಯ ವೈರು ನುಗ್ಗೆ ಮರದ ಕವಲಿನ ಮೇಲೆ ಹಾದು ಸೂರಿನೊಳಗೆ ನುಗ್ಗಿತ್ತು. ಮೊದಲ ಏಟು ಕೊಂಬೆಗೆ ಬಿತ್ತು. ಮತ್ತೊಂದಕ್ಕೆ ವೈರು ತುಂಡಾಗಿ ನೇತಾಡಿತು. ಕುಡುಗೋಲನ್ನು ಹುಲ್ಲಿನಲ್ಲಿ ಒರೆಸಿ, ರಕ್ತವೇನಾದರೂ ಅಂಟಿದೆಯೋ ಎಂಬಂತೆ ತಿರುಗಿಸಿ ನೋಡಿದಳು.

ಸಂಜೆ ಟಿ.ವಿ. ಹಾಕಿದರೆ ಬರೀ ಬಿಳಿ ಚುಕ್ಕೆ, ಬುಸ್ ಎಂಬ ಸದ್ದು. ಚಿಕ್ಕಬೀರಮ್ಮ ಎರಡು ಸಲ ಟಿ.ವಿ.ಯ ತಲೆಗೆ ಬಡಿದು ನೋಡಿದಳು. "ಆಳಾದ್ ಕೋತಿ ಎಳ್ದಾಕವೆ ಅಂತ ಕಾಣ್ತದೆ. ಕೇಬಲ್ ಶಿವಣ್ಣ ನಾಳೆಗಂಟ ಬರಕಿಲ್ಲ," ಎಂದು ಗೊಣಗಿದಳು. ಪವಿತ್ರಾ ಉಸಿರು ಬಿಟ್ಟಳು. ಬಿಟ್ಟ ಉಸಿರು ಮುಗಿಯುವ ಮೊದಲೇ ಅತ್ತೆ ಸೆರಗು ಕೊಡವಿ ಎದ್ದು ನಿಂತಿದ್ದಳು. "ನಡೀರವ್ವ, ಕಟ್ಟಿದ್ದು ಸಾಕು. ಇಮಲಮ್ಮನ ಮನೇಲಿ ನೋಡವ. ಪವಿತ್ರ, ಬಾ ನೀನೂವೆ. ಬೆಳಗಿಂದ ಸಪ್ಪುಗಿದ್ದೀಯ."

"ನಾನ್ ಬರಲ್ಲ ಅತ್ತೆ. ಒಲೆ..."

"ಒಲೆ ಎಲ್ಲೋದದು? ಬಾ ಅಂದ್ರೆ." ಚಿಕ್ಕಬೀರಮ್ಮ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು.

ವಿಮಲಮ್ಮನದು ಬೀದಿಯ ಕೊನೆಯ ತಾರಸಿ ಮನೆ, ದೊಡ್ಡ ಟಿ.ವಿ. ತಮ್ಮ ಮನೆಯ ಜಗಲಿಯಲ್ಲಾದರೆ ನಾಲ್ಕೈದು ಜನ. ಇಲ್ಲಿ ಅರ್ಧ ಬೀದಿಯೇ ಕುಳಿತಿತ್ತು. ಬಾಗಿಲ ಹೊರಗೆ ಬೀಡಿ ಸೇದುತ್ತ ನಿಂತ ಗಂಡಸರೂ ಇದ್ದರು. ಪವಿತ್ರಾ ಬಾಗಿಲಿನ ಮರೆಗೆ ಒತ್ತಿಕೊಂಡು ನಿಂತಳು. ಓಡುವುದಾದರೆ ಎಲ್ಲಿಗೆ ಎಂದು ಯೋಚಿಸಿದಳು. ಕೋಟೆಗೆ ಕೊನೆಯ ಬಸ್ಸು ಹೊರಟಿರಬಹುದು. ಹೊರಟಿರದಿದ್ದರೂ ಅಪ್ಪ ಬಾಗಿಲು ತೆಗೆಯುವವನಲ್ಲ.

ಸಂಗೀತ ನಿಂತು ಸೋಫಾ ಕಾಣಿಸಿತು. ಸೋಫಾದ ಮೇಲೆ ಒಬ್ಬ ಹೆಂಗಸು, ತೊಡೆಯ ಮೇಲೊಂದು ಹೆಣ್ಣು ಕೂಸು. ಹೆಂಗಸಿನ ಮುಖವಿದ್ದ ಕಡೆ ಚೌಕ ಚೌಕದ ಮಸುಕು. ಕೂಸಿನ ಮುಖಕ್ಕೂ ಹಾಗೆಯೇ. ಅವಳು ಅಪ್ಪನ ಹೆಸರು ಹೇಳಲು ಬಾಯಿ ತೆರೆದಾಗ ಟೊಂಯ್ ಎಂಬ ಸದ್ದು ಬಂತು. ಊರಿನ ಹೆಸರಿಗೂ ಟೊಂಯ್.

ಪವಿತ್ರಾ ಸೆರಗಿನಿಂದ ಮುಖ ಒರೆಸಿಕೊಂಡಳು. ಯಾರಿಗೂ ಗೊತ್ತಾಗುವುದಿಲ್ಲ. ದೇವರೇ, ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ದನಿ ಅಕ್ಕನದೇ. ಕೂಸಿನ ಬೆನ್ನು ಸವರುತ್ತಿದ್ದ ಕೈಯೂ ಅವಳದೇ. ಮುದ್ದೆಯ ಪಾತ್ರೆ ಉರುಳಿ ಮಣಿಕಟ್ಟಿನ ಮೇಲಾದ ಸುಟ್ಟ ಕಲೆ ಈಗಲೂ ಹೊಳೆಯುತ್ತಿತ್ತು. ಪಾತ್ರೆ ಉರುಳಿಸಿದವಳು ಪವಿತ್ರಾ. ಅಮ್ಮನಿಗೆ ಅದನ್ನು ಹೇಳದೆ ತಾನೇ ಬೈಸಿಕೊಂಡವಳು ಅಕ್ಕ.

ತನ್ನನ್ನು ಕರೆದೊಯ್ದ ಮೇಸ್ತ್ರಿಗೆ ಅಲ್ಲೊಬ್ಬಳು ಹೆಂಡತಿ ಇದ್ದದ್ದು ಹೋದ ಮೇಲೆ ತಿಳಿಯಿತೆಂದಳು ಅಕ್ಕ. ದುಡ್ಡು ಬೇಡ, ಅವನೂ ಬೇಡ, ಮಗಳನ್ನು ಸ್ಕೂಲಿಗೆ ಸೇರಿಸಬೇಕು, ಅಲ್ಲಿ ಅಪ್ಪನ ಹೆಸರು ಕೇಳುತ್ತಾರೆ, ಆ ಹೆಸರೊಂದು ಕೊಟ್ಟರೆ ಸಾಕೆಂದಳು. ಎದುರಿನ ಕುರ್ಚಿ ಖಾಲಿಯಿತ್ತು. ಅಲ್ಲಿಂದಲೇ ಅವನಿಗೆ ಫೋನು ಹಚ್ಚಿದರೆ ಕಟ್ ಮಾಡಿದ. ನಡುವೆ ಕೂಸು ಏನನ್ನೋ ಮಲಯಾಳದಲ್ಲಿ ಕೇಳಿತು. ವಿಮಲಮ್ಮನ ಮನೆಯ ತುಂಬ ನಗು.

"ಅಪ್ಪನ ಮನೆ ಹೊಸ್ಲು ದಾಟಿದ್ ದಿನ್ವೇ ಸತ್ಲು ಅಂದ್ಕಬೇಕು ಇಂಥೋಳ್ನ," ಎಂದಳು ವಿಮಲಮ್ಮ.

"ಸುಕ ಬೇಕು ಅಂತ ಹೋದ್ಲು, ಈಗ ಹೆಸ್ರು ಬೇಕಂತೆ," ಎಂದ ಹೊರಗಿನ ಗಂಡಸೊಬ್ಬ.

ಕನ್ನಡಕದ ಅಕ್ಕ ಮುಂದಕ್ಕೆ ಬಾಗಿ ಕೇಳಿದಳು: "ನಾವು ಕೇಳಿದರೆ ನಿಮ್ಮ ತಂದೆ ಬರಲ್ಲ ಅಂದರು. ನಿಮಗೆ ಬೇರೆ ಯಾರಿದ್ದಾರಮ್ಮ? ಅಣ್ಣ, ತಮ್ಮ, ಅಕ್ಕ, ತಂಗಿ?"

ಸುಟ್ಟ ಕಲೆಯ ಕೈ ಕೂಸಿನ ಬೆನ್ನಿನ ಮೇಲೆ ನಿಂತಿತು.

"ಯಾರೂ ಇಲ್ಲ ಮೇಡಂ. ನಾನೊಬ್ಳೇ."

ಜಾಹೀರಾತು ಬಂತು. ಮನೆಯೊಳಗೆ ಗದ್ದಲ ಎದ್ದಿತು. ಚಿಕ್ಕಬೀರಮ್ಮ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಎಲ್ಲರೂ ಅವಳ ತೀರ್ಪಿಗೆ ಕಾಯುತ್ತಿದ್ದರು. ಅವಳು ತಿರುಗಿ ಬಾಗಿಲ ಕಡೆ ನೋಡಿ, "ಪವಿತ್ರ, ನೀ ಯಾವತ್ತೂ ಏನೂ ಅನ್ನಕಿಲ್ಲ. ಹೇಳು, ಇವ್ಳು ಆಡ್ತಿರೋದು ದಿಟವೋ ಸುಳ್ಳೋ?" ಎಂದಳು. ತಮಾಷೆಗೆ ಕೇಳಿದ ಮಾತಲ್ಲ. ಅವಳಿಗೇ ತಿಳಿಯದೆ ಕೇಳಿದಂತಿತ್ತು.

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಪವಿತ್ರಾ ಬಾಗಿಲಿನ ಮರೆಯಿಂದ ಈಚೆ ಬಂದಳು.

"ಸುಳ್ಳು," ಎಂದಳು.

"ನೋಡುದ್ರಾ!" ಎಂದಳು ವಿಮಲಮ್ಮ.

"ಎಂಗೇಳ್ತೀಯೆ?" ಚಿಕ್ಕಬೀರಮ್ಮ ಕೇಳಿದಳು.

"ಯಾರೂ ಇಲ್ಲ ಅಂತಾಳಲ್ಲ, ಅದು ಸುಳ್ಳು ಅತ್ತೆ. ಒಬ್ಳು ತಂಗಿ ಅವ್ಳೆ." ದನಿ ತನ್ನದೇ ಎಂದು ಪವಿತ್ರಾಳಿಗೆ ನಂಬಿಕೆಯಾಗಲಿಲ್ಲ. "ನಾನಿದ್ದೀನಲ್ಲ. ಅವ್ಳು ನಮ್ಮಕ್ಕ."

ಸೋಪಿನ ಜಾಹೀರಾತಿನ ಹಾಡೊಂದೇ ಕೇಳುತ್ತಿತ್ತು. ಬಾಗಿಲ ಹೊರಗೆ ಯಾರೋ ಬೀಡಿ ಎಸೆದು ಸರಸರ ನಡೆದು ಹೋದರು. ಚಿಕ್ಕಬೀರಮ್ಮ ಎದ್ದಳು. ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು, "ನಡಿ ಮನ್ಗೆ," ಎಂದಳು.

ಬೀದಿಯುದ್ದಕ್ಕೂ ಅತ್ತೆ ಮುಂದೆ, ಸೊಸೆ ಹಿಂದೆ. ಕೊಳಾಯಿಯ ಹತ್ತಿರ ಚಿಕ್ಕಬೀರಮ್ಮ ತಟ್ಟನೆ ನಿಂತಳು. ಹೊಡೆಯುತ್ತಾಳೆಂದು ಪವಿತ್ರಾ ಕಣ್ಣು ಮುಚ್ಚಿದಳು.

"ಎರಡು ವರ್ಸದಿಂದ ಪಕ್ಸದ ಹಬ್ಬದಲ್ಲಿ ಅವ್ಳಿಗೂ ಒಂದು ಎಡೆ ಮಡಗಿದ್ನಲ್ಲೇ," ಎಂದಳು ಚಿಕ್ಕಬೀರಮ್ಮ. "ಮದ್ವೆ ಆಗ್ದೆ ಸತ್ತ ಕೂಸು, ಯಾರೂ ನೆನೆಯೋರಿಲ್ಲ ಅಂತ. ನೀ ಪಕ್ಕದಲ್ಲೇ ನಿಂತು ನೀರು ಬುಟ್ಟೆ. ಬದ್ಕಿರೋರ್ಗೆ ಎಡೆ ಇಕ್ಕುದ್ರೆ ಅವ್ರ ಆಯಸ್ಸು ಕರಗ್ತದೆ ಕಣೆ ಪಾಪಿ. ನನ್ ಕೈಲಿ ಅಂಥ ಕೆಲ್ಸ ಮಾಡುಸ್ಬುಟ್ಯಲ್ಲ."

ಅತ್ತೆ ತಿರುಗಿ ನಡೆದಳು, ಪವಿತ್ರಾ ಹಿಂಬಾಲಿಸಿದಳು.

ಸುದ್ದಿ ಅವರಿಗಿಂತ ಮೊದಲೇ ಮನೆ ಸೇರಿತ್ತು. ಲಿಂಗರಾಜು ಬ್ಯಾರನ್ನಿನ ಮುಂದೆ ನಿಂತಿದ್ದ. "ದಿಟವಾ?" ಎಂದ. ಹೌದೆಂದು ತಲೆಯಾಡಿಸಿದಳು. ಅವನು ಒಲೆಯ ಬಾಯಿಗೆ ಇನ್ನೊಂದು ತುಂಡು ನೂಕಿದ. ಊಟಕ್ಕೆ ಬರಲಿಲ್ಲ.

ಬೆಳಿಗ್ಗೆ ಕಸ ಗುಡಿಸಲು ಬಂದ ಪವಿತ್ರಾಳನ್ನು ಅತ್ತೆ ಜಗಲಿಯಿಂದಲೇ ಕರೆದಳು. ಕಣ್ಣು ಕೆಂಪಾಗಿತ್ತು. "ನಿಮ್ಮಪ್ಪನ್ನ ನಾಳೆ ಬರೇಳು. ನಾಕು ಜನದ ಮುಂದೆ ಕುಂತು ಮಾತಾಡ್ಬೇಕು. ಲಿಂಗ್ರಾಜು ಏನಂತಾನೋ ನಂಗೊತ್ತಿಲ್ಲ. ನಾನೂ ಏನೂ ಏಳಕಾಗಕಿಲ್ಲ." ಪವಿತ್ರಾಳಿಗೆ ತವರಿನಿಂದ ತಂದ ಟ್ರಂಕು ಅಟ್ಟದ ಮೇಲಿರುವುದು ನೆನಪಾಯಿತು.

ಚಿಕ್ಕಬೀರಮ್ಮ ಬೇರೆಲ್ಲೋ ನೋಡುತ್ತ ಕೇಳಿದಳು: "ಆ ಕೂಸಿನ ಹೆಸ್ರೇನು?"

ಪವಿತ್ರಾ ಪೊರಕೆ ಹಿಡಿದು ನಿಂತಳು. ಅವಳಿಗೆ ಗೊತ್ತಿರಲಿಲ್ಲ. ಭಾನುವಾರ ಫೋನಿನಲ್ಲಿ ಕೇಳಲೇ ಇಲ್ಲ. ಕೂಸಿದೆ ಎಂಬುದೇ ನಿನ್ನೆಯವರೆಗೆ ತಿಳಿದಿರಲಿಲ್ಲ.

"ನಂಬರ್ ಐತಾ?"

"ಐತೆ."

"ಮತ್ತೆ ಕೇಳು."

ಒಳಗೆ ಹೋಗಿ ಬಾಯಿಪಾಠದ ಅಂಕಿಗಳನ್ನು ಒಂದೊಂದಾಗಿ ಒತ್ತಿದಳು. ಅತ್ತೆ ಹಿಂದೆಯೇ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಹಿತ್ತಿಲ ಕಡೆಯಿಂದ ಲಿಂಗರಾಜು ಸೌದೆ ಒಡೆಯುವ ಸದ್ದು ಬರುತ್ತಿತ್ತು. ಆ ಕಡೆ ಫೋನು ಬಹಳ ಹೊತ್ತು ಬಡಿದುಕೊಂಡು, ಕೊನೆಗೆ ಯಾರೋ ಎತ್ತಿದರು. ಸಣ್ಣ ಉಸಿರೊಂದು ಕೇಳಿಸಿತು.

"ಆರಾ?" ಎಂದಿತು ಕೂಸು, ಯಾರು ಎಂದು ಅದರ ಮಾತಿನಲ್ಲಿ.

ಹಿತ್ತಿಲಿನಲ್ಲಿ ಕೊಡಲಿಯ ಸದ್ದು ನಿಂತಿತು. ಪವಿತ್ರಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು.

"ಆರಾ?" ಎಂದು ಕೂಸು ಮತ್ತೆ ಕೇಳಿತು.